ಖಾಲಿ ಇರುವುದೂ ಒಂದು ಕೆಲಸ: ಧರ್ಮಾಂಬುಧಿ ಕೆರೆಯೊಡನೆ ಕಾಲ್ಪನಿಕ ಸಂದರ್ಶನ

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿಯುವವರು ಕಾಲಿಡುವುದು ಕೆರೆಯಂಗಳಕ್ಕೆ. ಕೆಂಪೇಗೌಡರ ಕಾಲದ್ದೆಂದು ಹೇಳುವ ಧರ್ಮಾಂಬುಧಿ ಕೆರೆಯ ಮೇಲೆ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ, ನೆಲದಡಿಯಲ್ಲಿ ಕೆಂಪೇಗೌಡ ಮೆಟ್ರೊ ನಿಲ್ದಾಣವಿದೆ. ಹೀಗೆ ಕೆರೆಯನ್ನು ಮುಚ್ಚಿ, ಅದನ್ನು ಕಟ್ಟಿಸಿದವರ ಹೆಸರನ್ನು ಎರಡೆರಡು ಸಲ ಉಳಿಸಿಕೊಂಡಿದ್ದೇವೆ. ಕೆರೆಯ ಗುರುತಿಗೆ ಪಕ್ಕದಲ್ಲಿ ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರಿದೆ. ರಾಜಧಾನಿಯ ಪ್ರೇಕ್ಷಣೀಯ ಸ್ಥಳಗಳ ಬಗ್ಗೆ ಹಿರಿಯರ ಅಭಿಪ್ರಾಯವೂ ಇರಲಿ ಎಂದು ಆ ಕೆರೆಯಮ್ಮನನ್ನೇ ಮಾತಾಡಿಸಲಾಯಿತು. ನಡುನಡುವೆ ತೂರಿಬಂದ ಕಂಡಕ್ಟರುಗಳ ಕೂಗನ್ನು ಇಲ್ಲಿ ಕೈಬಿಟ್ಟಿದೆ.

ಪ್ರಶ್ನೆ: ಅಮ್ಮಾ, ಎರಡು ದಿನಕ್ಕೆಂದು ಬೆಂಗಳೂರಿಗೆ ಬಂದವರು ಏನೇನು ನೋಡಬೇಕು?

ಕೆರೆ: ನಿಮ್ಮ ಪಟ್ಟಿ ನನಗೆ ಗೊತ್ತಪ್ಪ. ಹೈದರಾಲಿ 1760ರಲ್ಲಿ ಶುರುಮಾಡಿದ ಲಾಲ್‌ಬಾಗು, 1870ರ ಕಬ್ಬನ್ ಪಾರ್ಕು, ಹಲಸೂರು ಕೆರೆ, ಸ್ಯಾಂಕಿ ಕೆರೆ, ವಿಧಾನಸೌಧದ ಎದುರು ಒಂದು ಫೋಟೊ, ಸಂಜೆಗೆ ಗಾಂಧಿ ಬಜಾರಿನ ಮಸಾಲೆ ದೋಸೆ. ಇವಕ್ಕೆಲ್ಲ ಮೇಲೊಗರವಾಗಿ ಹವೆಯ ಹೊಗಳಿಕೆ. ಸೌಧವನ್ನೂ ದೋಸೆಯನ್ನೂ ಬದಿಗಿಟ್ಟು ಪಟ್ಟಿಯನ್ನು ಇನ್ನೊಮ್ಮೆ ಓದು. ಮಿಕ್ಕಿದ್ದೆಲ್ಲ ಯಾರೋ ಪುಣ್ಯಾತ್ಮರು ಕಟ್ಟಡ ಕಟ್ಟದೆ ಬಿಟ್ಟ ಜಾಗ. ಬಂದ ನೆಂಟರಿಗೆ ನೀವು ಹೆಮ್ಮೆಯಿಂದ ತೋರಿಸುವುದು ಸೈಟು ಮಾಡಲು ಸಾಧ್ಯವಾಗದೆ ಉಳಿದ ಎಕರೆಗಳನ್ನೇ. ಕಬ್ಬನ್ ಪಾರ್ಕಿಗೆ, ಲಾಲ್‌ಬಾಗಿಗೆ 1975ರ ಉದ್ಯಾನ ಸಂರಕ್ಷಣಾ ಕಾಯ್ದೆಯ ಬೇಲಿಯಿದೆ, ಬದುಕಿಕೊಂಡವು. ನನಗಿದ್ದದ್ದು ಮಣ್ಣಿನ ಏರಿ.

ಪ್ರಶ್ನೆ: ಬಸ್ ನಿಲ್ದಾಣ ಕಟ್ಟುವ ಹೊತ್ತಿಗೆ ತಾವು ಬತ್ತಿಹೋಗಿದ್ದಿರಿ. ಖಾಲಿ ಬಿದ್ದ ಜಾಗದಲ್ಲಿ ಬಸ್ಸು ನಿಂತರೆ ತಪ್ಪೇನು?

ಕೆರೆ: ಖಾಲಿ ಬಿದ್ದಿತ್ತು ಅನ್ನುವ ಆ ಮಾತೇ ನಮ್ಮ ವಂಶವನ್ನು ಮುಗಿಸಿದ್ದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ, ದೊಡ್ಡ ಹೊಳೆಯಿಲ್ಲದ ಕಡೆ ಊರು ಕಟ್ಟಿದವರಿಗೆ ಮಳೆನೀರೇ ಗತಿ. ಪಡುವಲಿಗೆ ಬಿದ್ದ ಮಳೆ ವೃಷಭಾವತಿ ಹಿಡಿದು ಅರ್ಕಾವತಿ ಸೇರುತ್ತದೆ, ಮೂಡಲಿಗೆ ಬಿದ್ದದ್ದು ಹೆಬ್ಬಾಳ, ಕೋರಮಂಗಲ ಕಣಿವೆಗಳ ದಾರಿಯಲ್ಲಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಆ ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿ, ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಬೀಳುವಂತೆ ಸಾಲಾಗಿ ನಮ್ಮನ್ನು ಕೂರಿಸಿದರು. ಮಳೆಗಾಲದಲ್ಲಿ ತುಂಬುತ್ತಿದ್ದೆವು. ನೀರುಗಂಟಿ ತೂಬೆತ್ತಿ ಅಚ್ಚುಕಟ್ಟಿಗೆ ಬಿಡುತ್ತಿದ್ದ. ಬೇಸಿಗೆಗೆ ತಳ ಕಂಡಾಗ ರೈತರು ಹೂಳನ್ನು ಗಾಡಿಯಲ್ಲಿ ತುಂಬಿಕೊಂಡು ಹೊಲಕ್ಕೆ ಹೊಡೆಯುತ್ತಿದ್ದರು. ಏಪ್ರಿಲ್‌ನಲ್ಲಿ ಬತ್ತಿದ ಕೆರೆ ಸತ್ತಿರುವುದಿಲ್ಲ ಕಣಪ್ಪ, ಬರುವ ಮಳೆಗೆ ಜಾಗ ಮಾಡಿಕೊಂಡು ಕೂತಿರುತ್ತದೆ. ತುಂಬಿದ ಹಂಡೆಗೆ ಮತ್ತೆ ನೀರು ಹೊಯ್ದರೆ ಅದು ಬಚ್ಚಲಿಗೆ ತಾನೆ? ಆದರೆ ಅಳತೆಗೆ ಬರುವ ಅಧಿಕಾರಿಗಳು ಬೇಸಿಗೆಯಲ್ಲೇ ಬರುತ್ತಾರೆ. ಮಳೆಗಾಲದಲ್ಲಿ ಪ್ಯಾಂಟು ಮಡಚಬೇಕಾಗುತ್ತದೆ ನೋಡು. ತೇವ ಕಾಣದೆ ಖಾಲಿ ಜಾಗವೆಂದು ಷರಾ ಬರೆದು ಹೋಗುತ್ತಾರೆ.

ನಾನೊಬ್ಬಳೇ ಆಗಿದ್ದರೆ ಹಾಳಾಗಿಹೋಗಲಿ ಅನ್ನಬಹುದಿತ್ತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕೋರಮಂಗಲದ ಕೆರೆ ರಾಷ್ಟ್ರೀಯ ಕ್ರೀಡಾಗ್ರಾಮವಾಯಿತು. ಅಕ್ಕಿತಿಮ್ಮನಹಳ್ಳಿಯದು ಹಾಕಿ ಮೈದಾನ, ಚಲ್ಲಘಟ್ಟದ್ದು ಗಾಲ್ಫ್. ಕೆರೆ ಕಂಡರೆ ನಿಮಗೆ ಆಟದ ಹುಕಿಯೇ ಯಾಕೆ ಬರುತ್ತದೋ! ಸಂಪಂಗಿಯಲ್ಲಿ ಒಂದು ಪುಟ್ಟ ಹೊಂಡವನ್ನು ಬಿಟ್ಟಿದ್ದಾರೆ, ಕರಗದ ಶಾಸ್ತ್ರಕ್ಕೆ ನೀರು ಬೇಕಲ್ಲ. ದ್ರೌಪದಮ್ಮನ ಭಯ ಇರುವಷ್ಟು ದಿನ ಅದಕ್ಕೆ ಆಯಸ್ಸುಂಟು.

ಪ್ರಶ್ನೆ: ಹಾಗಾದರೆ ಊರು ಬೆಳೆಯಬಾರದೆ? ಎಷ್ಟು ಜನಕ್ಕೆ ಅನ್ನ ಕೊಟ್ಟಿದೆ! ಜೊತೆಗೆ ಸೊಳ್ಳೆ, ಮಲೇರಿಯಾ ಅಂತ ಕೆರೆಗಳ ಮೇಲೂ ದೂರುಗಳಿದ್ದವು.

ಕೆರೆ: ಸೊಳ್ಳೆಯ ದೂರು ಸುಳ್ಳಲ್ಲ. ಆದರೆ ಕೆರೆ ಮುಚ್ಚಿದ ಮೇಲೆ ಸೊಳ್ಳೆಗಳು ಊರು ಬಿಟ್ಟವೆಂದು ಯಾರೂ ಹೇಳಿದ್ದು ಕೇಳಿಲ್ಲ, ಚರಂಡಿಗೆ ಮನೆ ಬದಲಾಯಿಸಿದವು ಅಷ್ಟೆ. ಅನ್ನದ ಮಾತು ದೊಡ್ಡದು. ಬೆಳಗಿನ ಜಾವ ರಾಯಚೂರು, ಕಲಬುರಗಿ ಬಸ್ಸುಗಳಿಂದ ಚೀಲ, ಪಾತ್ರೆ, ನಿದ್ದೆಗಣ್ಣಿನ ಮಕ್ಕಳ ಸಮೇತ ಇಳಿಯುವವರನ್ನು ಬರಬೇಡಿ ಅನ್ನಲು ನಾನ್ಯಾರು? ಅವರಿಗೆ ಇಳಿಯಲು ಒಂದು ಜಾಗ ಬೇಕಿತ್ತು, ನನ್ನನ್ನು ತೆಗೆದುಕೊಂಡದ್ದಕ್ಕೆ ಸಮರ್ಥನೆ ಇದೆ ಅಂತಲೇ ಇಟ್ಟುಕೋ. ಆದರೆ ಇಳಿದವರಿಗೆ ನೀರೂ ಬೇಕಲ್ಲ. 2011ರ ಜನಗಣತಿಯಲ್ಲೇ 84 ಲಕ್ಷ ದಾಟಿದ ಊರಿದು. 1974ರಿಂದ ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರ್‌ನಷ್ಟು ಮೇಲಕ್ಕೆ ಪಂಪು ಹೊಡೆದು ತರುತ್ತಿದ್ದೀರಿ. ಕಾವೇರಿ ಇರುವಾಗ ಕೆರೆ ಯಾಕೆ ಅನ್ನುವವರು 2024ನ್ನೇ ನೋಡಲಿ. ಮಾರ್ಚಿನಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕೊಡ ಹಿಡಿದು ನಿಂತಿರಿ. ಕಾವೇರಿ ಯೋಜನೆಯ, ದಿನಕ್ಕೆ 77.5 ಕೋಟಿ ಲೀಟರಿನ ಐದನೇ ಹಂತ ಉದ್ಘಾಟನೆಯಾದದ್ದು ಅಕ್ಟೋಬರಿನಲ್ಲಿ. ಇನ್ನು 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಡೆ ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಒಂದೇ ಊರು ಒಂದು ಸಲ ನೀರಿಲ್ಲದೆ ಒದ್ದಾಡಿತು, ಇನ್ನೊಂದು ಸಲ ನೀರಲ್ಲಿ ಮುಳುಗಿತು. ಬಿದ್ದ ಮಳೆಗೆ ನಿಲ್ಲಲು ಜಾಗವಿಲ್ಲದಿದ್ದರೆ ಅದು ಮನೆಗೆ ನುಗ್ಗುತ್ತದೆ, ನೆಲಕ್ಕೆ ಇಂಗದಿದ್ದರೆ ಬೋರ್‌ವೆಲ್ ಬತ್ತುತ್ತದೆ. ಬೆಳೆದದ್ದಕ್ಕೆ ನಿಮ್ಮನ್ನು ಬೈಯುತ್ತಿಲ್ಲ. ಬೆಳೆಯುವಾಗ ಖಾಲಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲವಲ್ಲ, ಅದಕ್ಕೆ.

ಪ್ರಶ್ನೆ: ಈಗ ಕೆರೆ ಅಭಿವೃದ್ಧಿ ಜೋರಾಗಿ ನಡೆದಿದೆ. ಎಷ್ಟೋ ಕೆರೆಗಳು ವರ್ಷವಿಡೀ ತುಂಬಿರುತ್ತವೆ.

ಕೆರೆ: ಅದೇ ನನ್ನ ಹೆದರಿಕೆ. ಅಭಿವೃದ್ಧಿಯೆಂದರೆ ಮೊದಲು ಕಮಾನು, ಆಮೇಲೆ ಮುಖಂಡರ ಹೆಸರಿನ ಕಲ್ಲು, ವಾಕಿಂಗ್ ಪಾತು, ಕಲ್ಲುಬೆಂಚು, ಕಾರಂಜಿ. ಒಳಹರಿವಿನ ಕಾಲುವೆಯ ಸುದ್ದಿ ಕೊನೆಗೆ, ದುಡ್ಡು ಉಳಿದಿದ್ದರೆ. ಮಳೆಗಾಲದ ಕೆರೆ ಮೇ ತಿಂಗಳಲ್ಲೂ ತುಂಬಿ ತುಳುಕಿದರೆ ಅದು ಯಾರ ನೀರು ಅಂತ ಕೇಳಬೇಡವೆ? ಬಹಳ ಕಡೆ ಮನೆಗಳ ಕೊಳಚೆಯೇ. ಬೆಳ್ಳಂದೂರು ಕೆರೆ ನೊರೆ ಉಗುಳಿದ್ದು, ಬೆಂಕಿ ಹೊತ್ತಿಸಿಕೊಂಡದ್ದು ನೀರಿಲ್ಲದೆ ಅಲ್ಲ. ಸಂಸ್ಕರಿಸಿದ ಕೊಳಚೆಯನ್ನು 2018ರಿಂದ ಕೋಲಾರದ ಕೆರೆಗಳಿಗೂ ಕಳಿಸುತ್ತಿದ್ದೀರಿ. ಮಂಡ್ಯದ ಕಡೆಯಿಂದ ಕುಡಿಯುವ ನೀರು, ಕೋಲಾರದ ಕಡೆಗೆ ಬಳಸಿದ ನೀರು, ನಡುವೆ ರಾಜಧಾನಿ! ಸಂಸ್ಕರಿಸಿದ ನೀರಾದರೂ ಸರಿ, ವರ್ಷವಿಡೀ ತುಂಬಿಯೇ ಇರುವ ಕೆರೆ ನೋಡಲು ಚೆಂದ. ಹೊಸ ಮಳೆ ಬಂದಾಗ ಅದು ನೆಂಟರನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತದೆ.

ಪ್ರಶ್ನೆ: ಖಾಲಿ ಕೆರೆಯನ್ನು ಉದ್ಘಾಟಿಸುವುದು ಹೇಗಮ್ಮ? ಫೋಟೊ ಬೇಡವೆ?

ಕೆರೆ: ಹೂಳು ತುಂಬಿದ ಲಾರಿಯ ಮುಂದೆ ನಿಂತು ತೆಗೆಸಿಕೊಳ್ಳಲಿ. ನನ್ನ ಜಾಗ ನನಗೆ ವಾಪಸ್ ಬೇಡ. ಉಳಿದ ಕೆರೆಗಳಿಗೆ ಬರುವ ಕೊಳಚೆಗೆ ಬೇರೆ ಪೈಪು ಹಾಕಿ, ರಾಜಕಾಲುವೆಯ ಮೇಲೆ ಕೂತ ಗೋಡೆಗಳನ್ನು ಎಬ್ಬಿಸಿ. ಮಳೆಗೆ ಮುಂಚೆ ನೀರಿಳಿಸಲು ತೂಬಿಗೆ ಕೆಲಸ ಮಾಡುವ ಗೇಟು ಇರಲಿ, ಅದನ್ನು ತಿರುಗಿಸಲು ಸಂಬಳದ ಮೇಲೆ ಒಬ್ಬ ನೀರುಗಂಟಿ ಇರಲಿ. ಬೇಸಿಗೆಯಲ್ಲಿ ಕೆರೆಯೇ ಖಾಲಿಯಿರುವಾಗ ಅವನಿಗೆ ಯಾವ ಕೆಲಸಕ್ಕೆ ಸಂಬಳ ಅಂತ ಹಣಕಾಸಿನವರು ಕಡತ ಹಿಂದಕ್ಕೆ ಕಳಿಸುತ್ತಾರೆ, ಗೊತ್ತು. ಹೂಳೆತ್ತಿದ ಲಾರಿಗಳ ಲೆಕ್ಕ ಬರೆಯುತ್ತಾನೆ ಅಂತ ಅದರ ಮೇಲೆ ಬರೆದು ಮತ್ತೆ ಕಳಿಸು.