ಕುರ್ಚಿಯ ಬಾಡಿಗೆ

ಬೆಳ್ಮಣ್‌ನಲ್ಲಿ ಬೆಳಗ್ಗಿನ ಬಸ್ಸು ಹಿಡಿದು, ಉಡುಪಿ-ಮಣಿಪಾಲದಲ್ಲಿ ನಾಲ್ಕಾರು ಕೆಲಸ ಮುಗಿಸಿ ಸಂಜೆಗೆ ಊರು ಸೇರುವವರಿಗೆ ದಿನಕ್ಕೆರಡು ಗಂಡಾಂತರ. ಒಂದು ಹನ್ನೊಂದು ಗಂಟೆಯದು, ಇನ್ನೊಂದು ನಾಲ್ಕು ಗಂಟೆಯದು. ಹೊರಡುವ ಗಡಿಬಿಡಿಯಲ್ಲಿ ಕುಡಿದ ಒಂದು ಲೋಟ ಚಾ ಕಟಪಾಡಿ ದಾಟುವಷ್ಟರಲ್ಲಿ ಕರಗಿರುತ್ತದೆ. ಹನ್ನೊಂದಕ್ಕೆ ಹಸಿವೆ ಊಟದ್ದು, ಗಡಿಯಾರ ಮಾತ್ರ ಇನ್ನೂ ತಿಂಡಿಯದ್ದು. ಈ ಹೊತ್ತಿನ ಹಸಿವೆಗೆ ಇಂಗ್ಲೆಂಡಿನವರು 1895ರಲ್ಲೇ ಬ್ರಂಚ್ ಎಂಬ ಔಷಧಿ ಕಂಡುಹಿಡಿದರು. ಗೈ ಬೆರಿಂಜರ್ ಎಂಬ ಲೇಖಕ ಅದನ್ನು ಶಿಫಾರಸು ಮಾಡಿದ್ದು ಶನಿವಾರ ರಾತ್ರಿ ಮಜಾ ಮಾಡಿ ಭಾನುವಾರ ತಡವಾಗಿ ಏಳುವವರಿಗೆ. ನಮ್ಮವರು ನಸುಕಿಗೇ ಎದ್ದು, ಹಟ್ಟಿಯ ಕೆಲಸ ಮುಗಿಸಿ, ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಬಂದು ಅದೇ ಸ್ಥಿತಿಗೆ ತಲುಪುತ್ತಾರೆ. ನಾಲ್ಕು ಗಂಟೆಯ ಹಸಿವೆಗೂ ದೊಡ್ಡ ಮನೆತನವೇ ಇದೆ. 1840ರ ಸುಮಾರಿಗೆ ಬೆಡ್‌ಫರ್ಡಿನ ಡಚೆಸ್ ಆನಾ ಎಂಬಾಕೆ ರಾತ್ರಿಯೂಟದ ತನಕ ಜೀವ ಹಿಡಿದುಕೊಳ್ಳಲಾಗದೆ ಚಹಾದ ಜೊತೆ ಬ್ರೆಡ್ಡು, ಕೇಕು ತರಿಸಿಕೊಳ್ಳತೊಡಗಿದ್ದರಿಂದ ಅಲ್ಲಿನ ಮಧ್ಯಾಹ್ನದ ಚಹಾ ಎಂಬ ವೈಭವ ಹುಟ್ಟಿತೆಂದು ಹೇಳುತ್ತಾರೆ. ಡಚೆಸ್ಸಿಗೆ ಬಂದ ಹಸಿವೆ ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೂ ಬರುತ್ತದೆ, ಕಿಸೆಯೊಂದೇ ಬೇರೆ. ಆ ಕಿಸೆಗೆ ತಕ್ಕಂತೆ ಎರಡೂ ಹೊತ್ತನ್ನು ದಾಟುವುದು ಹೇಗೆಂಬುದಕ್ಕೆ ನನ್ನಲ್ಲಿ ಒಂದು ಸಿದ್ಧಾಂತ ಉಂಟು. ಹೋಟೆಲಿನ ಬಿಲ್ಲಿನಲ್ಲಿ ತಿಂಡಿಯ ಬೆಲೆ ಸಣ್ಣದು, ಕುರ್ಚಿಯ ಬಾಡಿಗೆ ದೊಡ್ಡದು. ಅಗ್ಗದ ಹೋಟೆಲು ಯಾವುದೆಂದು ಹುಡುಕಿ ಬೀದಿ ಸವೆಸುವವರು ಮೊದಲು ತಮಗೆ ಎಷ್ಟು ಹೊತ್ತಿನ ಕುರ್ಚಿ ಬೇಕೆಂದು ತೀರ್ಮಾನಿಸಿದರೆ ಅರ್ಧ ಲೆಕ್ಕ ಅಲ್ಲೇ ಮುಗಿಯುತ್ತದೆ.

ಇದು ಜಿಪುಣನ ಕಲ್ಪನೆ ಎಂದು ತಳ್ಳಿಹಾಕುವವರು ದಯವಿಟ್ಟು ಭಾರತ ಸರ್ಕಾರವನ್ನು ಸಾಕ್ಷಿಗೆ ಕರೆಯಬೇಕು. 2013ರ ಏಪ್ರಿಲಿನಿಂದ ಸೇವಾ ತೆರಿಗೆ ಬಿದ್ದದ್ದು ಎಸಿ ಇದ್ದ ಹೋಟೆಲುಗಳಿಗೆ ಮಾತ್ರ, ಫ್ಯಾನಿನ ಕೆಳಗೆ ತಿಂದವರಿಗೆ ಅದು ಇರಲಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಫ್ಯಾನಿನ ದೋಸೆಗೆ ಶೇಕಡಾ 12, ಎಸಿಯ ದೋಸೆಗೆ ಶೇಕಡಾ 18. ಹಿಟ್ಟು ಒಂದೇ, ಕಾವಲಿ ಒಂದೇ, ಒಳಗಿನ ಪಲ್ಯವೂ ಒಂದೇ. ಗಾಜಿನ ಬಾಗಿಲು ದಾಟಿದ ಕೂಡಲೇ ದೋಸೆಯ ಅಂತಸ್ತು ಆರು ಅಂಕ ಏರುತ್ತಿತ್ತು. ಅದೇ ವರ್ಷದ ನವೆಂಬರ್ 15ರಿಂದ ಎರಡಕ್ಕೂ ಶೇಕಡಾ 5 ಎಂದಾಯಿತು. ಹಾಗಾದರೂ ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಕೋಣೆಗಳಿರುವ ಹೋಟೆಲಿನ ಊಟಕ್ಕೆ ಶೇಕಡಾ 18 ಹಾಗೆಯೇ ಉಳಿಯಿತು. ಮಹಡಿಯ ಮೇಲೆ ಯಾರೋ ಮಲಗಿದ ಹಾಸಿಗೆಯ ದರ ಕೆಳಗೆ ಕೂತು ಇಡ್ಲಿ ತಿನ್ನುವವರ ತೆರಿಗೆಯನ್ನು ನಿರ್ಧರಿಸುತ್ತದೆ ಎಂದ ಮೇಲೆ, ಇಡ್ಲಿಗೂ ಬಿಲ್ಲಿಗೂ ಎಷ್ಟು ದೂರದ ನೆಂಟಸ್ತನ ಎಂಬುದು ಗೊತ್ತಾಗಬೇಕು. ಇಟಲಿಯವರು ಇದನ್ನು ಮುಚ್ಚಿಡುವುದೂ ಇಲ್ಲ. ಅಲ್ಲಿ ಕೌಂಟರಿಗೆ ಒರಗಿ ನಿಂತು ಕಾಫಿ ಕುಡಿದರೆ ಒಂದು ದರ, ಮೇಜಿಗೆ ಹೋಗಿ ಕೂತರೆ ಅದೇ ಕಾಫಿಗೆ ಇನ್ನೊಂದು ದರ. ನಿಂತು ಕುಡಿದವನನ್ನು ಬಡವನೆಂದು ಯಾರೂ ನೋಡುವುದಿಲ್ಲ, ಕೆಲಸ ಇರುವವನೆಂದು ನೋಡುತ್ತಾರೆ.

ಉಡುಪಿಯವರಿಗೆ ಈ ಸತ್ಯ ಯಾರೂ ಕಲಿಸಿಕೊಡಬೇಕಾಗಿಲ್ಲ. ಊರೂರಿಗೆ ಹೋಗಿ ಹೋಟೆಲು ಕಟ್ಟಿದವರ ಗುಟ್ಟಿನಲ್ಲಿ ಸಾಂಬಾರಿನ ಪಾಲು ಎಷ್ಟಿದೆಯೋ, ಕುರ್ಚಿ ಬೇಗ ಖಾಲಿಯಾಗುವಂತೆ ನೋಡಿಕೊಂಡ ಜಾಣ್ಮೆಯ ಪಾಲೂ ಅಷ್ಟೇ ಇದೆ. ಕೂತ ಕೂಡಲೇ ನೀರಿನ ಲೋಟ, ಹಿಂದೆಯೇ ‘ಎಂತ ಬೇಕು?’, ತಿಂದು ಮುಗಿಸುವ ಮುಂಚೆ ‘ಮತ್ತೆಂತ?’, ಕೈ ತೊಳೆದು ಬರುವಷ್ಟರಲ್ಲಿ ಬಿಲ್ಲು. ಇದರಲ್ಲಿ ಅಗೌರವವೇನೂ ಇಲ್ಲ, ಬೆನ್ನ ಹಿಂದೆ ನಿಂತು ನಿಮ್ಮ ಎಲೆಯನ್ನೇ ನೋಡುತ್ತಿರುವ ಮುಂದಿನ ಗಿರಾಕಿಯ ಬಗ್ಗೆ ಗೌರವ ಮಾತ್ರ. ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ತೆರೆದಾಗ ಈ ತರ್ಕವನ್ನು ಕೊನೆಯ ತನಕ ಎಳೆದು, ಕುರ್ಚಿಯನ್ನೇ ತೆಗೆದುಹಾಕಿದರು. ಎತ್ತರದ ಮೇಜು, ನಿಂತು ತಿನ್ನುವ ಜನ, ಇಳಿದ ದರ. ಆಮೇಲೆ ದರ್ಶಿನಿಗಳು ಗಲ್ಲಿಗಲ್ಲಿಗೆ ಹಬ್ಬಿದವು. ‘ಹಾಗಿದ್ದರೆ ಅಗ್ಗದ ಕಾಫಿ ಕುಡಿದು ಗಂಟೆಗಟ್ಟಲೆ ಕೂರುವ ಸುಖ ಎಲ್ಲೂ ಇರಲೇ ಇಲ್ಲವೆ?’ ಎಂದು ಕೇಳುವವರು ಕಡಂದಲೆಯ ಕೃಷ್ಣರಾಯರ ಕಡೆಗೆ ಕೈ ತೋರಿಸುತ್ತಾರೆ. ಬೆಳ್ಮಣ್‌ಗೆ ಬಹಳ ದೂರವಲ್ಲದ ಊರಿನ ಈ ಕೆ. ಕೃಷ್ಣರಾಯರೇ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದವರು. ಅವರು 1962ರಲ್ಲಿ ಶುರುಮಾಡಿದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ ಜನ ಮರದ ನೆರಳಲ್ಲಿ ಕಾರು ನಿಲ್ಲಿಸಿ, ಒಳಗೆ ಕೂತೇ ದೋಸೆ ತಿಂದು ಹರಟಿದರು. ಆದರೆ ಇದು ನನ್ನ ಸಿದ್ಧಾಂತಕ್ಕೆ ಪೆಟ್ಟಲ್ಲ, ಬಲ. ಅಲ್ಲಿಗೆ ಹೋದವರು ಕುರ್ಚಿಯನ್ನು ಮನೆಯಿಂದಲೇ ತಂದಿದ್ದರು, ನಾಲ್ಕು ಚಕ್ರ ಸಮೇತ. ಜಾಗವಂತೂ ಗುತ್ತಿಗೆಯದ್ದು. 2008ರಲ್ಲಿ ಅದು ಸರ್ಕಾರದ ಕೈಗೆ ಮರಳಿದಾಗ ಹೋಟೆಲು ಮುಚ್ಚಿತು, 2010ರಲ್ಲಿ ಅಲ್ಲಿ ಉದ್ಯಾನವನ ತೆರೆಯಿತು. ಜಾಗದ ಲೆಕ್ಕ ಬದಲಾದ ದಿನ ಆ ಸುಖವೂ ಮುಗಿಯಿತು.

ಇನ್ನು ಹನ್ನೊಂದು ಗಂಟೆಯ ವಿಚಾರ. ಉಡುಪಿಯ ಹೋಟೆಲಿನಲ್ಲಿ ಇದು ಅಡುಗೆಮನೆ ಮಗ್ಗುಲು ಬದಲಾಯಿಸುವ ಹೊತ್ತು. ಇಡ್ಲಿ ಮುಗಿದಿರುತ್ತದೆ, ಅನ್ನ ಇನ್ನೂ ಬಸಿದಿರುವುದಿಲ್ಲ, ಸಾಂಬಾರು ತಿಂಡಿಯ ತೆಳುವಿನಿಂದ ಊಟದ ದಪ್ಪಕ್ಕೆ ಬಡ್ತಿ ಪಡೆಯುತ್ತಿರುತ್ತದೆ. ಇಂಥ ಸಂಧಿಕಾಲದಲ್ಲಿ ಬಿಸಿ ದೋಸೆಗೆ ಹಟ ಹಿಡಿದು ಕೂತರೆ ಕುರ್ಚಿಯ ಬಾಡಿಗೆ ಓಡುತ್ತಿರುತ್ತದೆ. ಬಲ್ಲವರು ಕೇಳುವುದು ಸಜ್ಜಿಗೆ-ಬಜಿಲ್. ತೆಳು ಅವಲಕ್ಕಿಗೆ ತೆಂಗಿನತುರಿ, ಬೆಲ್ಲ, ಮೆಣಸು-ಕೊತ್ತಂಬರಿಯ ಪುಡಿ ಹಾಕಿ ಕೈಯಲ್ಲಿ ಕಿವುಚಿದ ಬಜಿಲ್, ಅದರ ಪಕ್ಕಕ್ಕೆ ಒಂದು ಸೌಟು ಸಜ್ಜಿಗೆ, ಎಂದರೆ ಘಟ್ಟದ ಮೇಲಿನವರ ಉಪ್ಪಿಟ್ಟು. ಒಂದು ಗರಿಗರಿ, ಒಂದು ಮೆತ್ತಗೆ. ಒಂದು ಸಿಹಿ-ಖಾರ, ಒಂದು ಬರೀ ಸೌಮ್ಯ. ಎರಡನ್ನೂ ಕಲಸಿ ಬಾಯಿಗಿಟ್ಟರೆ ತಿಂಡಿಯೋ ಊಟವೋ ಎಂಬ ಗೊಂದಲ ನಾಲಿಗೆಗೂ ಉಳಿಯುವುದಿಲ್ಲ. ಇದಕ್ಕೆ ಒಲೆಯ ಮರ್ಜಿ ಬೇಡ, ಹೇಳಿದ ನಿಮಿಷಕ್ಕೆ ಬರುತ್ತದೆ, ಹೊಟ್ಟೆಯಲ್ಲಿ ಎರಡು ಗಂಟೆಯ ತನಕ ನಿಲ್ಲುತ್ತದೆ. ದೊಡ್ಡ ಹೋಟೆಲುಗಳ ಬ್ರಂಚ್ ಬಫೆಯಲ್ಲಿ ಇಪ್ಪತ್ತು ಬಗೆ ಇರುತ್ತದೆ, ನಿಜ. ಇಪ್ಪತ್ತಕ್ಕೂ ದುಡ್ಡು ಕೊಟ್ಟು ನಾಲ್ಕನ್ನು ತಿಂದು, ಉಳಿದ ಹದಿನಾರರ ದರ್ಶನ ಮಾಡಿ ಬರುವುದೇಕೆ, ಪಕ್ಕದ ಕೃಷ್ಣಮಠದ ರಥಬೀದಿಯಲ್ಲಿ ಪುಕ್ಕಟೆ ದರ್ಶನ ಸಿಗುತ್ತದೆ.

ಮಣಿಪಾಲಕ್ಕೆ ಹತ್ತಿದರೆ ಸಿದ್ಧಾಂತದ ಇನ್ನೊಂದು ಮುಖ ಕಾಣುತ್ತದೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮೆಡಿಕಲ್ ಕಾಲೇಜು ಕಟ್ಟಿದ ಗುಡ್ಡದ ಮೇಲೆ ಈಗ ದೇಶದ ಎಲ್ಲ ಮೂಲೆಗಳ ವಿದ್ಯಾರ್ಥಿಗಳಿದ್ದಾರೆ. ಅವರಿಗಾಗಿ ಮೆತ್ತನೆ ಸೋಫಾ, ಮಂದ ಬೆಳಕು, ಲ್ಯಾಪ್‌ಟಾಪಿಗೆ ಪ್ಲಗ್ಗು ಇರುವ ಕೆಫೆಗಳಿವೆ. ಅಲ್ಲಿನ ಕಾಫಿಯ ದರ ಓದಿ ನಮ್ಮ ಕಡೆಯವರು ‘ಅಯ್ಯೋ ಮಾರಾಯ್ರೇ, ಇಷ್ಟಕ್ಕೆ ನಾಲ್ಕು ಜನ ಊಟ ಮಾಡಬಹುದಲ್ಲ!’ ಎಂದು ಬೆಚ್ಚಿಬೀಳುವುದುಂಟು. ಬೆಚ್ಚಬೇಕಾಗಿಲ್ಲ. ಕಾಫಿಗೆ ಇನ್ನೂರು ರೂಪಾಯಿ ಎಂದಿಟ್ಟುಕೊಳ್ಳಿ. ಪರೀಕ್ಷೆಯ ಮುಂಚೆ ಮೂರು ಗಂಟೆ ಓದುತ್ತ ಕೂರುವ ಹುಡುಗಿಗೆ ಗಂಟೆಗೆ ಎಪ್ಪತ್ತು ರೂಪಾಯಿಯೊಳಗೆ ತಣ್ಣನೆಯ ಕೋಣೆ, ಕರೆಂಟು, ವೈಫೈ ಸಿಕ್ಕಿತು, ಮೇಲೊಂದು ಕಾಫಿ. ಅಲ್ಲಿ ದುಂದು ಮಾಡುವವರು ಇನ್ನೂರು ಕೊಟ್ಟು, ಕಾಫಿಯ ನೊರೆಯ ಫೋಟೋ ತೆಗೆದು, ಹತ್ತು ನಿಮಿಷದಲ್ಲಿ ಎದ್ದು ಬಸ್ಸಿಗೆ ಓಡುವವರು. ಬಾಡಿಗೆ ಕೊಟ್ಟ ಮನೆಯಲ್ಲಿ ವಾಸವೇ ಮಾಡದ ಹಾಗೆ ಅದು. ಆದ್ದರಿಂದ ನಿಯಮ ಎರಡೂ ಕಡೆಗೆ ಅನ್ವಯಿಸುತ್ತದೆ: ಅಗ್ಗದ ಕುರ್ಚಿಯಿಂದ ಬೇಗ ಏಳಬೇಕು, ದುಬಾರಿ ಕುರ್ಚಿಯಿಂದ ಏಳಲೇಬಾರದು.

ನಾಲ್ಕು ಗಂಟೆಗೆ ಬರುವಾಗ ಉಡುಪಿಯ ತಿಂಡಿಗಳೇ ಈ ನಿಯಮವನ್ನು ಪಾಲಿಸುತ್ತಿರುವುದು ಕಾಣುತ್ತದೆ. ಗೋಳಿಬಜೆಯನ್ನೇ ನೋಡಿ. ಮೈದಾಕ್ಕೆ ಹುಳಿಮೊಸರು, ಶುಂಠಿ, ಹಸಿಮೆಣಸು, ಕರಿಬೇವು ಹಾಕಿ ಕಲಸಿದ ಹಿಟ್ಟನ್ನು ಬೆರಳ ಸಂದಿಯಿಂದ ಎಣ್ಣೆಗೆ ಇಳಿಬಿಟ್ಟರೆ, ಉಂಡೆ ಉಬ್ಬಿ ಮಗುಚಿಕೊಳ್ಳುತ್ತದೆ. ಬಾಣಲೆಯಿಂದ ಇಳಿದ ಗಳಿಗೆಯಲ್ಲಿ ಮೇಲೆ ಗರಿ, ಒಳಗೆ ಜೇಡರಬಲೆಯಂಥ ಮೃದು, ಕಾಯಿಚಟ್ನಿಗೆ ಅದ್ದಿದರೆ ಮಾತು ನಿಲ್ಲುತ್ತದೆ. ಹತ್ತು ನಿಮಿಷ ಹರಟೆ ಹೊಡೆದು ಮುಟ್ಟಿದರೆ ಅದು ರಬ್ಬರು. ಗಿರಾಕಿಯನ್ನು ಬೇಗ ಎಬ್ಬಿಸುವ ಕೆಲಸವನ್ನು ಹೋಟೆಲಿನ ಯಜಮಾನರು ಮಾಡಬೇಕಾಗಿಲ್ಲ, ಗೋಳಿಬಜೆಯೇ ಮಾಡುತ್ತದೆ. ಬನ್ಸ್ ಹಾಗಲ್ಲ. ಕಳಿತ ಬಾಳೆಹಣ್ಣಿಗೆ ಮೈದಾ, ಮೊಸರು, ಸಕ್ಕರೆ, ಜೀರಿಗೆ ಸೇರಿಸಿ ರಾತ್ರಿಯಿಡೀ ಮಲಗಿಸಿದ ಹಿಟ್ಟು ಅದು. ಇಷ್ಟು ತಾಳ್ಮೆಯಿಂದ ಹುಟ್ಟಿದ್ದು ತಣ್ಣಗಾದರೂ ಕೋಪಿಸಿಕೊಳ್ಳುವುದಿಲ್ಲ, ಕಾಗದದಲ್ಲಿ ಸುತ್ತಿಕೊಂಡು ಎಲ್ಲಿಗೂ ಬರುತ್ತದೆ. ಹಾಗಾಗಿ ಗೋಳಿಬಜೆ ಅಲ್ಲೇ ತಿಂದು ಏಳುವವರದ್ದು, ಬನ್ಸ್ ಕಟ್ಟಿಸಿಕೊಂಡು ಹೋಗಿ ಬೇರೆಲ್ಲೋ ಕೂರುವವರದ್ದು. ಕುರ್ಚಿ ಬೇಕೇ ಬೇಕೆನ್ನುವವರಿಗೆ ಗಡ್‌ಬಡ್ ಇದೆ. ತನ್ನೂರಿನ ಡಯಾನಾ ಹೋಟೆಲಿನಲ್ಲಿ ಹುಟ್ಟಿದ್ದೆಂದು ಉಡುಪಿ ಹೆಮ್ಮೆಪಡುವ ಈ ಐಸ್‌ಕ್ರೀಮನ್ನು ಉದ್ದ ಗಾಜಿನ ಲೋಟದಲ್ಲಿ ಹಣ್ಣು, ಜೆಲ್ಲಿ, ಗೋಡಂಬಿಯ ಪದರಗಳ ಮೂಲಕ ತಳಕ್ಕಿಳಿಯುತ್ತ ತಿನ್ನಬೇಕು. ನಿಂತು ತಿನ್ನಲು ಹೊರಟವರ ಅಂಗಿಯೇ ಅದರ ಹೆಸರಿಗೆ ವಿವರಣೆ.

ಇಲ್ಲಿಗೆ ಮೊದಲ ಆಕ್ಷೇಪಣೆ ಏಳುತ್ತದೆ: ‘ಕೃಷ್ಣಮಠದಲ್ಲಿ ದಿನವೂ ಊಟ ಉಂಟಲ್ಲ, ಒಂದು ರೂಪಾಯಿಯೂ ಬೇಡವಲ್ಲ?’ ಉಂಟು. ಅಲ್ಲಿ ನೆಲದ ಮೇಲೆ ಕೂರಬೇಕು. ಕುರ್ಚಿ ಇಲ್ಲ, ಬಿಲ್ಲೂ ಇಲ್ಲ. ಇದಕ್ಕಿಂತ ಚೊಕ್ಕ ಪುರಾವೆಯನ್ನು ನಾನೇ ತಯಾರಿಸಲು ಹೊರಟಿದ್ದರೂ ಆಗುತ್ತಿರಲಿಲ್ಲ. ಆದರೆ ಅದು ಪ್ರಸಾದ, ಖರ್ಚು ಉಳಿಸುವವರ ಪಟ್ಟಿಗೆ ಸೇರಿಸುವಂಥದ್ದಲ್ಲ. ಜೊತೆಗೆ ಅಲ್ಲಿ ಹೊತ್ತು ಮಠದ್ದು. ನಮ್ಮ ಹನ್ನೊಂದು ಗಂಟೆಗೆ ಎಲೆ ಹಾಕಿ ಎಂದು ಕೇಳಲಾಗದು. ಎರಡನೆಯ ಆಕ್ಷೇಪಣೆ ಇಂದಿರಾ ಕ್ಯಾಂಟೀನಿನದು. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಆಮೇಲೆ ಅದು ಜಿಲ್ಲೆಗಳಿಗೂ ಬಂತು, ಉಡುಪಿಗೂ ಬಂತು. ಅಲ್ಲೂ ಎತ್ತರದ ಮೇಜು, ನಿಂತು ತಿನ್ನುವ ಕ್ರಮ. ಐದು ರೂಪಾಯಿಗೆ ಇಳಿಸಿದ್ದು ಕುರ್ಚಿಯ ಅಭಾವವೊಂದೇ ಅಲ್ಲ, ಸರ್ಕಾರದ ಸಹಾಯಧನವೂ ಹೌದು ಎಂಬುದನ್ನು ಒಪ್ಪುತ್ತೇನೆ. ಆದರೆ ಕುರ್ಚಿ ಹಾಕಿದ್ದರೆ ಆ ಸಹಾಯಧನ ಎಷ್ಟು ಜನಕ್ಕೆ ಸಾಲುತ್ತಿತ್ತು ಎಂಬುದನ್ನೂ ಲೆಕ್ಕ ಹಾಕಬೇಕು.

ಮೂರನೆಯದು ಗಟ್ಟಿಯಾದ ಆಕ್ಷೇಪಣೆ: ‘ಪೇಟೆಗೆ ಹೋಗುವುದೇ ನಾಲ್ಕು ಜನ ಸೇರಿ ಸಮಾಧಾನದಲ್ಲಿ ಕೂರಲು. ಕೂರುವುದನ್ನೇ ಬಿಟ್ಟರೆ ಮನೆಯಲ್ಲೇ ಗಂಜಿ ಕುಡಿಯಬಹುದಿತ್ತು.’ ಒಪ್ಪಿದೆ. ಕೂರುವುದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ, ತಿನ್ನುವ ಜಾಗವನ್ನೂ ಕೂರುವ ಜಾಗವನ್ನೂ ಬೇರೆ ಮಾಡಿ ಎನ್ನುತ್ತಿದ್ದೇನೆ. ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ಕೆಳಗೆ ಸ್ವರ್ಣಾ ನದಿ ಹರಿಯುವುದನ್ನು ನೋಡುತ್ತ ಕೂತರೆ ‘ಮತ್ತೆಂತ?’ ಎಂದು ಯಾರೂ ಕೇಳುವುದಿಲ್ಲ. ಅಜ್ಜರಕಾಡಿನ ಭುಜಂಗ ಪಾರ್ಕಿನಲ್ಲಿ ನೆರಳಿದೆ. ಪಡುಬಿದ್ರಿ ಮೇಲೆ ಬೆಳ್ಮಣ್‌ಗೆ ಮರಳುವವರಿಗೆ ದಾರಿಯಲ್ಲೇ ಕಾಪು ಇದೆ. 1901ರ ದೀಪಸ್ತಂಭದ ಬುಡದ ಬಂಡೆಯ ಮೇಲೆ ಸಂಜೆಗೆ ಬನ್ಸ್ ಬಿಚ್ಚಿ ಕೂತವರ ನೋಟ ಯಾವ ಬಫೆಯ ಕಿಟಕಿಗೂ ಕಡಿಮೆಯಲ್ಲ. ಕಾಗೆಗಳಿಗೆ ಪಾಲು ಕೊಡದಿರುವ ಜಾಗ್ರತೆಯೂ ಕಾಗದವನ್ನು ಮನೆಗೆ ತರುವ ಮರ್ಯಾದೆಯೂ ಬೇಕು, ಅಷ್ಟೆ. ಮಳೆಗಾಲದಲ್ಲಿ ಮಾತ್ರ ಈ ಉಪಾಯ ಸೋಲುತ್ತದೆ. ಜೂನಿನಿಂದ ಸೆಪ್ಟೆಂಬರಿನ ತನಕ ಕರಾವಳಿಯಲ್ಲಿ ಬಂಡೆಯ ಮೇಲೆ ಕೂತು ತಿಂದರೆ ಬನ್ಸ್ ಸಾರಾಗುತ್ತದೆ. ಆ ನಾಲ್ಕು ತಿಂಗಳು ಹೋಟೆಲಿಗೆ ಕೊಡುವ ಹೆಚ್ಚಿನ ದುಡ್ಡನ್ನು ಕುರ್ಚಿಯ ಲೆಕ್ಕದಿಂದ ತೆಗೆದು ಮಾಡಿನ ಲೆಕ್ಕಕ್ಕೆ ಬರೆದುಕೊಳ್ಳಬೇಕು. ಬಸ್ಸಿನ ಟಿಕೇಟನ್ನೂ ಮರೆಯುವಂತಿಲ್ಲ. 2023ರ ಜೂನ್ 11ರಂದು ಬಂದ ಶಕ್ತಿ ಯೋಜನೆಯ ಪುಕ್ಕಟೆ ಪ್ರಯಾಣ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಮಾತ್ರ, ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಬಸ್ಸಿನ ಸೀಟಿಗೆ ಹೇಗೂ ದುಡ್ಡು ಕೊಟ್ಟವರು ಹೋಟೆಲಿನ ಸೀಟಿಗೆ ಕೈ ಬಿಗಿಹಿಡಿದರೆ ತಪ್ಪೇನು?

ಕೊನೆಯ ಆಕ್ಷೇಪಣೆಗೆ ನಗುತ್ತ ಉತ್ತರಿಸಲಾಗದು. ಅಗ್ಗದ ಚಾ ಯಾರ ಬೆವರಿನಿಂದ ಅಗ್ಗವಾಯಿತು ಎಂಬ ಪ್ರಶ್ನೆ ಅದು. ನಮ್ಮ ಊರುಗಳ ಹುಡುಗರೇ ಮುಂಬಯಿಯ ಹೋಟೆಲುಗಳಲ್ಲಿ ಹಗಲು ಮೇಜು ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಕಾಲವೊಂದಿತ್ತು. ಆ ಇತಿಹಾಸ ಗೊತ್ತಿರುವವರು ದರ ಇಳಿಸಿ ಎಂದು ಗಲ್ಲಾಪೆಟ್ಟಿಗೆಯ ಮುಂದೆ ವಾದಿಸಬಾರದು. ನನ್ನ ಸಿದ್ಧಾಂತ ಕೇಳುವುದೂ ಅದನ್ನಲ್ಲ. ತಿಂಡಿಗೆ ನ್ಯಾಯವಾದ ದರ ಕೊಡಿ, ಬೇಡದ ಕುರ್ಚಿಗೆ ಕೊಡಬೇಡಿ, ಉಳಿದದ್ದರಲ್ಲಿ ಸಪ್ಲೈಯರಿಗೆ ಹತ್ತು ರೂಪಾಯಿ ಇಡಿ ಎನ್ನುತ್ತದೆ. ಬೈಟು ಚಾ ಹೇಳಿ ಊಟದ ಹೊತ್ತಿನಲ್ಲಿ ಮೂರು ಕುರ್ಚಿ ಹಿಡಿದು ರಾಜಕೀಯ ಮಾತಾಡುವವರು ತಾವು ಮಿತವ್ಯಯಿಗಳೆಂದು ತಿಳಿದಿರುತ್ತಾರೆ. ಅವರು ಉಳಿಸಿದ ಬಾಡಿಗೆಯನ್ನು ಆ ಹೊತ್ತು ತುಂಬುವವರು ಹೋಟೆಲಿನವರು ಮತ್ತು ಬಾಗಿಲಲ್ಲಿ ಹಸಿದು ನಿಂತವರು. ಹಾಗಾಗಿ ಹೋಟೆಲು ಮಾಲೀಕರಿಗೆ ನನ್ನದೊಂದು ಸಲಹೆ: ಇಟಲಿಯವರ ಹಾಗೆ ದರಪಟ್ಟಿಯಲ್ಲಿ ಎರಡು ಸಾಲು ಹಾಕಿ, ನಿಂತರೆ ಇಷ್ಟು, ಕೂತರೆ ಇಷ್ಟು ಎಂದು. ಗೋಳಿಬಜೆ ದುಬಾರಿಯಾಯಿತೆಂದು ಗೊಣಗುವವರೆಲ್ಲ ಆಗ ಬಾಯಿ ಮುಚ್ಚಿ ಕಾಲು ನೋಡಿಕೊಳ್ಳುತ್ತಾರೆ. ಕಾಲಲ್ಲಿ ಬಲ ಇದ್ದವರಿಗೆ ಉಡುಪಿ ಈಗಲೂ ಅಗ್ಗದ ಊರು.