ಗಾಲಿ ಇದ್ದವರಿಗೆ ಜಾಗವಿಲ್ಲ: ಪಿಚ್ ನಂಬರ್ 43ರ ಸಂದರ್ಶನ

ಇಂಗ್ಲೆಂಡಿನ ಪೂರ್ವ ಯಾರ್ಕ್‌ಷೈರಿನಲ್ಲಿ ಹೋಲ್ಡರ್‌ನೆಸ್ ಎಂಬ ಕರಾವಳಿ ಇದೆ. ಮೇಲೆ ಜೇಡಿಮಣ್ಣಿನ ದಿಬ್ಬ, ಕೆಳಗೆ ಉತ್ತರ ಸಮುದ್ರ. ರಜೆಯಲ್ಲಿ ಜನ ಬಂದು ನಾಲ್ಕು ದಿನ ಇದ್ದು ಹೋಗುವ ಕ್ಯಾರವಾನ್ ಪಾರ್ಕುಗಳು ಈ ದಿಬ್ಬದ ಮೇಲಿನ ಹುಲ್ಲಿನಲ್ಲಿವೆ. ಕಾರಿನ ಹಿಂದೆ ಕಟ್ಟಿ ಎಳೆದು ತರುವ ಗಾಲಿಮನೆಗೆ ಟೂರರ್ ಅನ್ನುತ್ತಾರೆ. ಎಂಜಿನ್ನೂ ಮಂಚವೂ ಒಂದೇ ಗಾಡಿಯಲ್ಲಿದ್ದರೆ ಅದು ಮೋಟರ್‌ಹೋಮ್. ಇವು ನಿಲ್ಲಲು ಗೂಟ ಹೊಡೆದು ನಂಬರು ಕೊಟ್ಟ ಜಾಗವೇ ಪಿಚ್. ಅಂಥದೊಂದು ಪಿಚ್, ನಂಬರ್ 43, ನಮ್ಮ ಪತ್ರಿಕೆಯ ಜೊತೆ ಮಾತಾಡಲು ಒಪ್ಪಿತು. ಪಾರ್ಕಿನ ಹೆಸರು ಹಾಕಬಾರದು ಎಂಬುದೊಂದೇ ಷರತ್ತು. ಮಾಲೀಕರಿಗೆ ಗೊತ್ತಾದರೆ ಮರುದಿನವೇ ಮೈಮೇಲೆ ಕಾಂಕ್ರೀಟು ಸುರಿಸುತ್ತಾರಂತೆ.

ಪ್ರಶ್ನೆ: ನಮಸ್ಕಾರ. ಹೇಗಿದ್ದೀರಿ?

ಪಿಚ್: ಮಲಗಿದ್ದೀನಿ ಸ್ವಾಮಿ. ಅದೇ ನನ್ನ ಕಸುಬು. ಸ್ವಲ್ಪ ಈಚೆ ಬನ್ನಿ, ಕರೆಂಟಿನ ಕೇಬಲ್ ತುಳೀತಿದ್ದೀರಿ.

ಪ್ರಶ್ನೆ: ನಿಮ್ಮ ದಿನಚರಿ ಹೇಳ್ತೀರಾ?

ಪಿಚ್: ಮಧ್ಯಾಹ್ನ ಆದ ಮೇಲೆ ಬರ್ತಾರೆ. ಗಂಡ ಕಾರಿನಲ್ಲಿ, ಹೆಂಡತಿ ಹಿಂದೆ ನಿಂತು ಕೈಸನ್ನೆ ಮಾಡ್ತಾಳೆ. ಆ ಬಿಳಿ ಗೂಟ ನೋಡಿ, ಕ್ಯಾರವಾನಿನ ಒಂದು ಮೂಲೆ ಅದಕ್ಕೆ ಸರಿಯಾಗಿ ಬರಬೇಕು. ಪಕ್ಕದವರಿಗೂ ನಿಮಗೂ ಮಧ್ಯೆ 6 ಮೀಟರ್ ಬಿಡಬೇಕು, ಬೆಂಕಿ ಬಿದ್ದರೆ ಹರಡಬಾರದು ಅಂತ. ಆಕೆ ಎಡಕ್ಕೆ ಅಂದರೆ ಈತ ಸ್ಟೀರಿಂಗ್ ಎಡಕ್ಕೆ ತಿರುಗಿಸ್ತಾನೆ, ಕ್ಯಾರವಾನು ಬಲಕ್ಕೆ ಹೋಗುತ್ತೆ. ಹಿಂದಕ್ಕೆ ತಳ್ಳುವಾಗ ಅದು ಹಾಗೇ. ಆಮೇಲೆ ಇಬ್ಬರೂ ಅರ್ಧ ಗಂಟೆ ಮಾತಾಡಲ್ಲ. ಅಷ್ಟರಲ್ಲಿ ನಾಲ್ಕು ಮೂಲೆಗೆ ಕಾಲು ಇಳಿಸಿ, ನೀಲಿ ಪ್ಲಗ್ಗು ಚುಚ್ಚಿ, ಚಹಾಕ್ಕೆ ನೀರಿಡ್ತಾರೆ.

ಅಲ್ಲೇ ಒಂದು ಎಡವಟ್ಟು. ನಾನು ಕೊಡೋದು 10 ಆಂಪಿಯರ್, ಅಂದರೆ 2,300 ವಾಟ್. ಮನೆಯಲ್ಲಿ ಬಳಸೋ ಕೆಟಲ್ ಒಂದೇ 3,000 ವಾಟ್ ಎಳೆಯುತ್ತೆ. ನಿಮ್ಮವರೇ ಒಂದು ಸಂಸಾರ ರೆಡಿಂಗ್ ಕಡೆಯಿಂದ ಬಂದಿತ್ತು. ಊರಿಂದ ಬಂದ ಅತ್ತೆ ಮಾವ ಚಳಿಯಾಗುತ್ತೆ ಅಂದರು ಅಂತ ಹೀಟರ್ ಹಾಕಿದರು. ಅನ್ನಕ್ಕೆ ರೈಸ್ ಕುಕ್ಕರ್ ಇಟ್ಟರು. ಚಟ್ನಿಗೆ ಮಿಕ್ಸಿ ಒತ್ತಿದ್ದೇ ತಡ, ಎಲ್ಲ ಕತ್ತಲೆ. ಮಳೆಯಲ್ಲಿ ಕೊಡೆ ಹಿಡಿದು ಬಂದು ಸ್ವಿಚ್ಚು ಮೇಲೆತ್ತಿದ ಪಾರ್ಕಿನ ವಾರ್ಡನ್ನು ಏನೂ ಅನ್ನಲಿಲ್ಲ. ಚಟ್ನಿ ಮಾತ್ರ ಚೆನ್ನಾಗಿತ್ತಂತೆ.

ಪ್ರಶ್ನೆ: ಟೂರರುಗಳಿಗೆ ಜಾಗ ಕಡಿಮೆಯಾಗ್ತಿದೆ ಅನ್ನೋ ದೂರಿದೆ. ಆದರೆ ಈ ಪಾರ್ಕಿನ ತುಂಬ ಕ್ಯಾರವಾನುಗಳೇ ಕಾಣ್ತಿವೆಯಲ್ಲ?

ಪಿಚ್: ಯಾವುದನ್ನ ಕ್ಯಾರವಾನ್ ಅಂತಿದ್ದೀರಿ? ಆ ಮರದ ಹಲಗೆಯ ಮನೆನಾ? ಮುಂದೆ ಜಗಲಿ, ಜಗಲಿ ಮೇಲೆ ಬಿಸಿನೀರಿನ ತೊಟ್ಟಿ, ಬಾಗಿಲ ಹತ್ತಿರ ಹೂಕುಂಡ ಇರೋದು? ತಪ್ಪಿಲ್ಲ ಬಿಡಿ, ಕಾನೂನಿನಲ್ಲಿ ಅದೂ ಕ್ಯಾರವಾನೇ. 1960ರ ಕಾಯಿದೆ ಒಂದಿದೆ, 1968ರದ್ದು ಇನ್ನೊಂದು. ಎರಡು ಭಾಗ ಮಾಡಿ ಲಾರಿಯಲ್ಲಿ ತಂದು ಇಲ್ಲಿ ಜೋಡಿಸಿದರೂ ಅದು ಕ್ಯಾರವಾನು. ರಸ್ತೆ ಮೇಲೆ ಸಾಗಿಸೋಕೆ ಸಾಧ್ಯ ಇದ್ದರೆ ಸಾಕು, ಸಾಗಿಸಲೇಬೇಕು ಅಂತ ಎಲ್ಲೂ ಬರೆದಿಲ್ಲ. 2006ರಲ್ಲಿ ಅಳತೆಯನ್ನೂ ಹಿಗ್ಗಿಸಿದರು. 20 ಮೀಟರ್ ಉದ್ದ, 6.8 ಮೀಟರ್ ಅಗಲದವರೆಗೆ ಬಿಡುವುಂಟು. ಲೆಕ್ಕ ಹಾಕಿ ನೋಡಿ, ಬೆಂಗಳೂರಿನಲ್ಲಿ ನೀವು ಜೀವಮಾನವೆಲ್ಲ ಕಂತು ಕಟ್ಟುವ 30-40 ಸೈಟಿಗಿಂತ ದೊಡ್ಡದು. ಅದರ ಹೆಸರೂ ಕ್ಯಾರವಾನು, ನಿನ್ನೆ ಸಂಜೆ ಇಬ್ಬರು ಮುದುಕರು ಸಣ್ಣ ಕಾರಿಗೆ ಕಟ್ಟಿಕೊಂಡು ಬಂದದ್ದೂ ಕ್ಯಾರವಾನು. ಹೊಲ ಮಾತ್ರ ಒಂದೇ.

ಪ್ರಶ್ನೆ: ಮಾಲೀಕರು ಯಾಕೆ ಆ ಕಡೆಗೇ ವಾಲ್ತಾರೆ?

ಪಿಚ್: ವಾಲದೆ ಏನು ಮಾಡ್ತಾರೆ? ಟೂರರಿನವರು ರಾತ್ರಿ ಲೆಕ್ಕದಲ್ಲಿ ದುಡ್ಡು ಕೊಡ್ತಾರೆ. ಟೀವಿಯಲ್ಲಿ ಮಳೆ ಅಂದರೆ ಬರೋದೇ ಇಲ್ಲ. ಬಂದರೆ ಬಿಸಿನೀರು ಬೇಕು, ಪಾತ್ರೆ ತೊಳೆಯೋ ತೊಟ್ಟಿ ಬೇಕು, ಕಕ್ಕಸಿನ ಡಬ್ಬಿ ಸುರಿಯೋಕೆ ಜಾಗ ಬೇಕು, ಇದನ್ನೆಲ್ಲ ತೊಳೆಯೋಕೆ ಆಳು ಬೇಕು. ಅದೇ ಖಾಯಂ ಕ್ಯಾರವಾನಿನ ಗಿರಾಕಿ ನೋಡಿ. ಮನೆಯನ್ನ ಪಾರ್ಕಿನವರ ಕೈಯಿಂದಲೇ ಕೊಳ್ತಾನೆ. ವರ್ಷವರ್ಷ ಸಾವಿರಾರು ಪೌಂಡು ನೆಲಬಾಡಿಗೆ ಕಟ್ತಾನೆ, ಬಂದರೂ ಕಟ್ಟಬೇಕು, ಬಾರದಿದ್ದರೂ ಕಟ್ಟಬೇಕು. ಅವನ ಕಕ್ಕಸು ಅವನದೇ, ಅವನೇ ತೊಳ್ಕೊಳ್ತಾನೆ. ಕರಾರಿನ ಅವಧಿ ಮುಗಿದರೆ ಹಳೇದನ್ನ ಎತ್ತಿಸಿ ಹೊಸದು ಕೊಳ್ಳಬೇಕು. ಬಾರದೆಯೂ ದುಡ್ಡು ಕೊಡೋ ಅತಿಥಿ ಸಿಕ್ಕರೆ ಬರೋ ಅತಿಥಿಯನ್ನ ಯಾವ ಮಾಲೀಕ ಇಟ್ಟುಕೊಳ್ತಾನೆ?

ನನ್ನ ಸಾಲಿನಲ್ಲಿ ಉಳಿದಿರೋರೂ ಕೆಟ್ಟುಹೋದರು. 44ನೇ ನಂಬರ್ ಈಗ ಸೀಸನಲ್ ಪಿಚ್. ಮಾರ್ಚಿನಲ್ಲಿ ಒಂದು ಟೂರರ್ ಬಂದು ನಿಂತಿತು, ಅಕ್ಟೋಬರ್‌ವರೆಗೆ ಅಲ್ಲೇ ಇರುತ್ತೆ, ಇಡೀ ಸೀಸನ್ನಿನ ದುಡ್ಡು ಒಂದೇ ಸಲ ಬಂದಿದೆ. ಗಾಲಿ ಇದೆ, ಟೈರಿಗೆ ಗಾಳಿ ಇದೆ, ಕೆಳಗೆ ಹುಲ್ಲು ಹಳದಿ ತಿರುಗಿದೆ. ಟೂರ್ ಎಲ್ಲಿ ಸ್ವಾಮಿ?

ಪ್ರಶ್ನೆ: ಹಾಗಾದರೆ ಗಿರಾಕಿಗಳೇ ಕಡಿಮೆಯೇ?

ಪಿಚ್: ಆಗಸ್ಟಿನಲ್ಲಿ ಬಂದು ಈ ಮಾತು ಕೇಳಿ! ಕೊರೋನಾ ವರ್ಷಗಳಲ್ಲಿ ವಿಮಾನ ನಿಂತಾಗ ದೇಶಕ್ಕೆ ದೇಶವೇ ನಮ್ಮ ಮೇಲೆ ಬಿತ್ತು. ಆಗ ಸರಕಾರ, ವರ್ಷಕ್ಕೆ 28 ದಿನ ಹೊಲವನ್ನ ತಾತ್ಕಾಲಿಕ ಕೆಲಸಕ್ಕೆ ಬಳಸಬಹುದು ಅಂತಿದ್ದ ನಿಯಮವನ್ನ 56ಕ್ಕೆ ಏರಿಸಿತು. ದನ ಮೇಯೋ ಗದ್ದೆಯೆಲ್ಲ ಕ್ಯಾಂಪ್‌ಸೈಟು. 2023ರಲ್ಲಿ ಇಂಗ್ಲೆಂಡಿಗೆ ಬೇರೆಯೇ ನಿಯಮ ಬಂತು: ಯೋಜನಾ ಇಲಾಖೆಗೆ ಅರ್ಜಿ ಹಾಕದೆ ವರ್ಷಕ್ಕೆ 60 ದಿನ, 50 ಪಿಚ್‌ವರೆಗೆ ಹಾಕಬಹುದು. ಡೇರೆ ಹಾಕಿ, ಮೋಟರ್‌ಹೋಮ್ ನಿಲ್ಲಿಸಿ. ಕಾರಿನ ಹಿಂದೆ ಎಳೆದು ತಂದ ಕ್ಯಾರವಾನು ಮಾತ್ರ ಕೂಡದು.

ಪ್ರಶ್ನೆ: ಅದ್ಯಾಕೆ?

ಪಿಚ್: ನನ್ನನ್ನ ಕೇಳಿದರೆ? ನಾನು ಹುಲ್ಲು. ತಮಾಷೆ ಏನು ಗೊತ್ತಾ, ಅದೇ ಸರಕಾರ 2021ರ ಡಿಸೆಂಬರಿನಲ್ಲಿ ದೊಡ್ಡ ಟ್ರೈಲರ್ ಎಳೆಯೋಕೆ ಬೇರೆ ಪರೀಕ್ಷೆ ಬೇಡ, ಮಾಮೂಲಿ ಕಾರ್ ಲೈಸನ್ಸಿದ್ದರೆ 3,500 ಕಿಲೋವರೆಗೆ ಎಳೀಬಹುದು ಅಂತ ಬಾಗಿಲು ತೆಗೆದಿತ್ತು. ಎಳೆಯೋಕೆ ಅಪ್ಪಣೆ ಆಯ್ತು, ನಿಲ್ಲಿಸೋಕೆ ಆಗಲಿಲ್ಲ. ಎಳೀತಾನೇ ಇರಬೇಕು.

ಪ್ರಶ್ನೆ: ರೈತರ ಹೊಲಗಳಲ್ಲಿ ಐದೇ ಕ್ಯಾರವಾನಿನ ಪುಟ್ಟ ತಾಣಗಳಿವೆ ಅಂತ ಕೇಳಿದ್ದೆ.

ಪಿಚ್: ಇವೆ. ನಮ್ಮ ಜಾತಿಯಲ್ಲೇ ಮರ್ಯಾದಸ್ಥ ಮನೆತನ ಅದು. ಅದೇ 1960ರ ಕಾಯಿದೆಯಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ. ಮಾನ್ಯತೆ ಇರೋ ಕ್ಲಬ್ಬು ಸರ್ಟಿಫಿಕೇಟು ಕೊಟ್ಟರೆ ಸಾಕು, ರೈತ ಪರವಾನಗಿ ಇಲ್ಲದೆ ಐದು ಗಾಡಿ ನಿಲ್ಲಿಸ್ಕೋಬಹುದು. ಸದಸ್ಯರಿಗೆ ಮಾತ್ರ. 1901ರಲ್ಲಿ ಹುಟ್ಟಿದ ಕ್ಯಾಂಪಿಂಗ್ ಕ್ಲಬ್ಬಿನವರೂ ಕೊಡ್ತಾರೆ, 1907ರ ಕ್ಯಾರವಾನ್ ಕ್ಲಬ್ಬಿನವರೂ ಕೊಡ್ತಾರೆ. ಆ ಎರಡನೆಯದು 2017ರಲ್ಲಿ ಹೆಸರಿಗೆ ಮೋಟರ್‌ಹೋಮ್ ಅಂತಲೂ ಸೇರಿಸಿಕೊಂಡಿತು, ಗಾಳಿ ಯಾವ ಕಡೆಗಿದೆ ಅಂತ ಇದರಲ್ಲೇ ತಿಳ್ಕೊಳ್ಳಿ. ಐದು ಗಾಡಿ, ಒಂದು ನಲ್ಲಿ, ದುಡ್ಡು ಹಾಕೋಕೆ ಒಂದು ಡಬ್ಬಿ, ಬೇಲಿಯಾಚೆ ಕುರಿ. ಆದರೆ ರೈತ ಮುದುಕನಾದ ಮೇಲೆ ಮಗಳು ಬಂದು ಅಲ್ಲಿ ಪಾಡ್ ಅನ್ನೋ ಪುಟ್ಟ ಮರದ ಗೂಡು ಇಡಿಸ್ತಾಳೆ. ಇಲ್ಲಾಂದರೆ ಕುರುಬರ ಗಾಲಿಗುಡಿಸಲಿನ ಮಾದರಿಯದ್ದು. ಅದಕ್ಕೂ ಗಾಲಿ ಇರುತ್ತೆ, ಕಬ್ಬಿಣದ್ದು, ಬಣ್ಣ ಬಳಿದದ್ದು, ಫೋಟೋಕ್ಕೆ.

ಪ್ರಶ್ನೆ: ಮೋಟರ್‌ಹೋಮಿನವರಿಗೆ ಇದ್ಯಾವ ತಾಪತ್ರಯವೂ ಇಲ್ಲವಲ್ಲ. ಎಲ್ಲಿ ಬೇಕಾದರೂ ನಿಲ್ಲಬಹುದು.

ಪಿಚ್: ಹಾಗಂದುಕೊಂಡೇ ಅವರೂ ಸಾಲ ಮಾಡಿ ಕೊಂಡದ್ದು. ಸಮುದ್ರದ ಊರಿಗೆ ಹೋದರೆ ಪಾರ್ಕಿಂಗ್ ಬಾಗಿಲಿಗೆ ಅಡ್ಡಕಂಬಿ, ಎತ್ತರದ ಗಾಡಿ ಒಳಗೆ ತೂರಲ್ಲ. ಕಂಬಿ ಇಲ್ಲದ ಕಡೆ ‘ರಾತ್ರಿ ತಂಗಬಾರದು’ ಬೋರ್ಡು. ಫ್ರಾನ್ಸಿನಲ್ಲಿ ಸಣ್ಣಪುಟ್ಟ ಊರಿನ ಪಂಚಾಯಿತಿಯೂ ಇವರಿಗಾಗಿ ನಾಲ್ಕು ಗೆರೆ ಹಾಕಿ, ಒಂದು ನಲ್ಲಿ ಒಂದು ಮೋರಿ ಕೊಟ್ಟು, ಬೆಳಿಗ್ಗೆ ಎದ್ದು ನಮ್ಮ ಊರಿನ ಅಂಗಡಿಯಲ್ಲೇ ಬ್ರೆಡ್ಡು ಕೊಳ್ಳಿ ಅನ್ನುತ್ತೆ. ಅದಕ್ಕೆ ಅಲ್ಲಿ ಏರ್ ಅಂತಾರೆ. ಇಲ್ಲಿ ಅಂಥ ಬುದ್ಧಿ ಅಲ್ಲೊಂದು ಇಲ್ಲೊಂದು. ಕ್ಯಾಂಟರ್‌ಬರಿಯವರು ಊರ ಹೊರಗಿನ ಪಾರ್ಕ್ ಅಂಡ್ ರೈಡ್ ನಿಲ್ದಾಣದಲ್ಲೇ ಮೋಟರ್‌ಹೋಮಿಗೆ ಜಾಗ ಮಾಡಿದ್ದಾರೆ, ಅಲ್ಲಿಂದ ಬಸ್ಸು ಹತ್ತಿ ಊರೊಳಗೆ ಹೋಗಬಹುದು.

ಸ್ಕಾಟ್‌ಲೆಂಡಿನ ಕಥೆ ಬೇರೆ. 2015ರಲ್ಲಿ ನಾರ್ತ್ ಕೋಸ್ಟ್ 500 ಅಂತ ಹೆಸರಿಟ್ಟು, 516 ಮೈಲಿಯ ಸುತ್ತು ಹಾದಿಗೆ ಜನರನ್ನ ಕರೆದರು. ಜನ ಬಂದರು. ಬರ್ತಾರೆ ಅಂತ ಕರೆದವರಿಗೇ ಗೊತ್ತಿರಲಿಲ್ಲವೇನೋ. ಒಂದೇ ಗಾಡಿ ಹಿಡಿಸೋ ರಸ್ತೆ, ಎದುರುಬದುರು ಎರಡು ಮೋಟರ್‌ಹೋಮು, ಇಬ್ಬರಿಗೂ ಹಿಂದಕ್ಕೆ ತಳ್ಳೋಕೆ ಬರಲ್ಲ. ಇಬ್ಬರದೂ ವಾರದ ಬಾಡಿಗೆ ಗಾಡಿ. ಸಂಜೆಯಾದರೆ ಸೈಟುಗಳೆಲ್ಲ ಭರ್ತಿ, ರಸ್ತೆ ಪಕ್ಕದಲ್ಲೇ ನಿದ್ದೆ. ಕಕ್ಕಸಿನ ಡಬ್ಬಿ ಎಲ್ಲಿ ಸುರಿದರು ಅಂತ ಕೇಳಬೇಡಿ. 2024ರಲ್ಲಿ ಹೈಲ್ಯಾಂಡ್ ಕೌನ್ಸಿಲ್ಲು ಏಳು ದಿನಕ್ಕೆ 40 ಪೌಂಡು ಕೊಟ್ಟು ನಮ್ಮ ಪಾರ್ಕಿಂಗಿನಲ್ಲಿ ಮಲಗಿ ಅಂದಿತು, ಅದೂ ಇಷ್ಟವಿದ್ದವರು ಕೊಟ್ಟರೆ ಸಾಕು. ಸೈಟಿನವರಿಗೆ ಸಿಟ್ಟು ಬಂತು. ಲೈಸನ್ಸು, ತೆರಿಗೆ, ಕಕ್ಕಸು ಅಂತ ನಾವು ಖರ್ಚು ಮಾಡ್ತಿದ್ದರೆ ಕೌನ್ಸಿಲ್ಲೇ ಪೈಪೋಟಿಗೆ ಇಳಿದರೆ ಹೇಗೆ ಅಂತ. ಇಬ್ಬರ ಮಾತಿನಲ್ಲೂ ಹುರುಳಿದೆ.

ಪ್ರಶ್ನೆ: ಹಳೆಯ ಕಾಲದಲ್ಲಿ ಹೀಗಿರಲಿಲ್ಲ ಅಲ್ಲವೇ?

ಪಿಚ್: ಹಳೆಯ ಕಾಲದಲ್ಲಿ ಸೈಟೇ ಇರಲಿಲ್ಲ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಅನ್ನೋ ಡಾಕ್ಟರು, ಕಥೆ ಬರೆಯೋರು, ಬರೀ ಸುತ್ತಾಟಕ್ಕೇ ಅಂತ ಒಂದು ಗಾಲಿಮನೆ ಮಾಡಿಸಿದರು. ವಾಂಡರರ್ ಅಂತ ಹೆಸರು. ಸುಮಾರು ಎರಡು ಟನ್ ತೂಕ, ಎರಡು ಕುದುರೆ. ಟ್ವೈಫರ್ಡ್‌ನಿಂದ ಇನ್ವರ್ನೆಸ್‌ವರೆಗೆ ಹೋದರು. ಚಾಕರಿಯವನೊಬ್ಬ ಮೂರು ಗಾಲಿಯ ಸೈಕಲ್ ತುಳೀತಾ ಮುಂದೆ ಮುಂದೆ ಹೋಗಿ ದಾರಿ ನೋಡಿಕೊಂಡು ಬರ್ತಿದ್ದ. ನಿಮ್ಮ ಈಗಿನ ಆ್ಯಪ್ ಮಾಡೋದೂ ಅಷ್ಟೇ ತಾನೆ? ಅವನಿಗೆ ಚಾರ್ಜ್ ಮುಗೀತಿರಲಿಲ್ಲ. ಈಗ ಆ ವಾಂಡರರ್ ಕಾಟ್ಸ್‌ವಲ್ಡ್ಸ್‌ನ ಬ್ರಾಡ್‌ವೇ ಸೈಟಿನಲ್ಲಿ ಪ್ರದರ್ಶನಕ್ಕೆ ನಿಂತಿದೆ. ಅದೂ ನಿಂತೇ ಬಿಟ್ಟಿತು ನೋಡಿ.

ಪ್ರಶ್ನೆ: ನಿಮ್ಮ ಸಾಲು ಸಮುದ್ರಕ್ಕೆ ಇಷ್ಟು ಹತ್ತಿರ ಇದೆ. ಒಳ್ಳೆಯ ನೋಟ ಸಿಗುವ ಜಾಗವನ್ನ ಮಾಲೀಕರು ನಿಮಗೇ ಬಿಟ್ಟಿರುವುದು ಗೌರವವಲ್ಲವೇ?

ಪಿಚ್: (ಬಹಳ ಹೊತ್ತು ನಕ್ಕಿತು.) ಗೌರವ! ಇಲ್ಲಿ ದಿಬ್ಬ ವರ್ಷಕ್ಕೆ ಸರಾಸರಿ ಒಂದೂವರೆ ಎರಡು ಮೀಟರ್ ಕುಸೀತಿದೆ. ಕೆಲವು ವರ್ಷ ಒಂದೇ ರಾತ್ರಿ ಅದಕ್ಕಿಂತ ಹೆಚ್ಚು. ಇಲ್ಲಿಂದ ದಕ್ಷಿಣಕ್ಕೆ, ಹಂಬರ್ ನದಿ ಸಮುದ್ರ ಸೇರೋ ಕಡೆ, ರೇವನ್ಸರ್ ಆಡ್ ಅನ್ನೋ ಪೇಟೆ ಇತ್ತು. ಪಾರ್ಲಿಮೆಂಟಿಗೆ ಸದಸ್ಯರನ್ನ ಕಳಿಸ್ತಿದ್ದ ಊರು. 14ನೇ ಶತಮಾನದಲ್ಲಿ ಮುಳುಗಿ ಹೋಯಿತು. ಹತ್ತಿರದ ಮ್ಯಾಪಲ್‌ಟನ್ ಹಳ್ಳಿ ಮತ್ತು ಅದರ ರಸ್ತೆ ಉಳಿಸೋಕೆ 1991ರಲ್ಲಿ ಕಲ್ಲುಬಂಡೆಯ ಗೋಡೆಗಳನ್ನ ಸಮುದ್ರಕ್ಕೆ ಅಡ್ಡ ಹಾಕಿದರು. ಹಳ್ಳಿ ಉಳೀತು. ಉತ್ತರದಿಂದ ಸರಿದು ಬರೋ ಮರಳು ಅಲ್ಲೇ ನಿಂತಿತು, ದಕ್ಷಿಣದವರ ಬುಡಕ್ಕೆ ಮರಳಿಲ್ಲದೆ ಅಲೆ ನೇರ ಬಡಿಯಿತು. ನಾವು ದಕ್ಷಿಣದವರು.

ಅದಕ್ಕೇ ಖಾಯಂ ಮನೆಗಳನ್ನ ಮಾಲೀಕರು ಹಿಂದಕ್ಕೆ ಇಟ್ಟು ನಮ್ಮನ್ನ ಅಂಚಿಗೆ ಹಾಕಿದ್ದು. ಟೂರರಿಗೆ ಗಾಲಿ ಇದೆ, ಕುಸಿಯೋ ಮುಂಚೆ ಎಳೆದುಕೊಂಡು ಹೋಗ್ತಾರೆ. ವರ್ಷದಲ್ಲಿ ಒಂದೇ ಸಲ ಟೂರರಿನ ಗಾಲಿ ಮಾಲೀಕರಿಗೆ ನೆನಪಾಗೋದು ಇದಕ್ಕೆ. ಪಾರ್ಕನ್ನೇ ಒಳನಾಡಿಗೆ ಸರಿಸೋಕೂ ಇಲ್ಲಿ ನಿಯಮವಿದೆ. ಈಸ್ಟ್ ರೈಡಿಂಗ್ ಕೌನ್ಸಿಲ್ಲು ಅದನ್ನ ರೋಲ್ ಬ್ಯಾಕ್ ಅನ್ನುತ್ತೆ. ನಾರ್ಫೋಕಿನ ಹೇಜ್‌ಬರೊದಲ್ಲೂ ಒಂದು ಪಾರ್ಕು ಹೀಗೇ ಅಂಚು ಬಿಟ್ಟು ಒಳಗೆ ಹೋಗಬೇಕಾಯ್ತು.

ಪ್ರಶ್ನೆ: ಹಾಗಾದರೆ ನಿಮಗೂ ಹೊಸ ಜಾಗ ಸಿಗುತ್ತದಲ್ಲ?

ಪಿಚ್: ಹೊಸ ನಕ್ಷೆ ಆಫೀಸಿನ ಗೋಡೆ ಮೇಲೆ ಇದೆ, ಹೋಗಿ ನೋಡಿ ಬನ್ನಿ. ಹಿಂದಿನ ಹೊಲದಲ್ಲಿ ಲಾಡ್ಜುಗಳು, ಅಂದರೆ ಆ ಹಲಗೆಮನೆಗಳು, ನಡುವೆ ಒಂದು ಕೊಳ, ಕೊಳದಲ್ಲಿ ಬಾತುಕೋಳಿ. ಬಾತುಕೋಳಿಯ ಚಿತ್ರ ಕೂಡ ಇದೆ. ಟೂರಿಂಗ್ ಪಿಚ್ಚಿನ ಗೆರೆ ಎಲ್ಲೂ ಕಾಣಲಿಲ್ಲ. ವಾರ್ಡನ್ನನ್ನ ಕೇಳಿದರೆ ‘ಎರಡನೇ ಹಂತ’ ಅಂದ. ನಿಮ್ಮ ಕಡೆಯ ಬಡಾವಣೆಗಳಲ್ಲಿ ಎರಡನೇ ಹಂತ ಯಾವಾಗ ಬರುತ್ತೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಒಟ್ಟು ಲೆಕ್ಕ ಇಷ್ಟೇ ಸ್ವಾಮಿ. ಕದಲದ ಮನೆಗೆ ಕ್ಯಾರವಾನ್ ಅಂತ ಹೆಸರು, ಕದಲೋ ಕ್ಯಾರವಾನಿಗೆ ಸೀಸನ್‌ಪೂರ್ತಿ ಒಂದೇ ಜಾಗ, ಮಲಗೋ ಗಾಡಿಗೆ ಪಾರ್ಕಿಂಗಿನಲ್ಲಿ ಬೋರ್ಡು, ನಡೀತಿರೋದು ನೆಲ ಒಂದೇ.

ಪ್ರಶ್ನೆ: ನಮ್ಮ ಓದುಗರಿಗೆ ಏನಾದರೂ ಹೇಳಬೇಕೇ?

ಪಿಚ್: ಇಲ್ಲಿ ಮಕ್ಕಳ ಮನೆಗೆ ಬೇಸಗೆಯಲ್ಲಿ ಬರೋರು ನಿಮ್ಮಲ್ಲಿ ಬಹಳ ಜನ ಇದ್ದಾರೆ. ಅವರ ಮಕ್ಕಳಿಗೆ ಹೇಳಿ. ಒಂದೇ ಶನಿವಾರಕ್ಕೆ ಮೂರು ಕಡೆ ಬುಕ್ ಮಾಡಿಟ್ಟು, ಹವಾಮಾನ ನೋಡಿ ಒಂದಕ್ಕೆ ಹೋಗೋ ಚಾಳಿ ಬಿಡಬೇಕು. ಉಳಿದ ಎರಡನ್ನ ಇವತ್ತೇ ರದ್ದು ಮಾಡಿ. ಯಾರೋ ಬಾರದೆ ಖಾಲಿ ಬಿದ್ದ ಪಿಚ್ಚನ್ನ ತೋರಿಸಿಯೇ ಮಾಲೀಕ ‘ಟೂರರಿಗೆ ಬೇಡಿಕೆ ಇಲ್ಲ’ ಅನ್ನೋದು. ಶಾಲೆಗೆ ಹೋಗೋ ಮಕ್ಕಳಿಲ್ಲದಿದ್ದರೆ ಮೇ ತಿಂಗಳಲ್ಲೋ ಸೆಪ್ಟೆಂಬರಿನಲ್ಲೋ ಬನ್ನಿ, ಜಾಗ ಸಿಗುತ್ತೆ, ಬೆಲೆಯೂ ಇಳಿದಿರುತ್ತೆ. ಪಾರ್ಕಿಗೆ ಫೋನ್ ಮಾಡಿದಾಗ ಲಾಡ್ಜು ತೋರಿಸ್ತೀವಿ ಅಂದರೆ, ‘ಬೇಡ, ಟೂರಿಂಗ್ ಪಿಚ್ ಇದೆಯಾ?’ ಅಂತಲೇ ಕೇಳಿ. ಇಲ್ಲ ಅಂದರೂ ಪರವಾಗಿಲ್ಲ, ಮುಂದಿನ ವರ್ಷವೂ ಫೋನ್ ಮಾಡಿ ಕೇಳಿ.