ಕೇಬಿರಾಯರ ಪೆಟ್ಟಿಗೆ

ಕೇಬಿರಾಯರು ಎಂಬುದು ಒಬ್ಬರ ಹೆಸರಲ್ಲ, ಒಂದು ತಳಿಯ ಹೆಸರು. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಬ್ಬರಾದರೂ ಸಿಗುತ್ತಾರೆ. ವಯಸ್ಸು ಐವತ್ತರ ಆಸುಪಾಸು, ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆ. ಹಗಲೆಲ್ಲ ಕ್ಲೌಡು, ಎಐ, ಟೆರಾಬೈಟು ಎಂದು ಮಾತಾಡುವ ಬಾಯಿ ಸಂಜೆ ಲುಂಗಿ ಉಟ್ಟ ಕೂಡಲೇ ಗಿಗಾ, ಮೆಗಾಗಳ ಮೆಟ್ಟಿಲಿಳಿದು ಕಿಲೋಬೈಟಿಗೆ, ಅಂದರೆ ಕೇಬಿಗೆ, ಬಂದು ನಿಲ್ಲುತ್ತದೆ. ಕಿಲೋಬೈಟೂ ಎಷ್ಟು? 32. ಅದಕ್ಕಿಂತ ಹೆಚ್ಚಿದ್ದರೆ ಅವರಿಗೆ ಅಜೀರ್ಣ. ನಮ್ಮ ಬೀದಿಗೂ ಇಂಥವರೊಬ್ಬರು ಒಲಿದು ಬಂದಿದ್ದಾರೆ. ನಾನು ಬಲ್ಲದ್ದು ಅವರನ್ನೇ.

ಹಳೇ ಕಂಪ್ಯೂಟರಿನ ಈ ರೋಗದ ಮೂಲ ಶಾಲೆಯಲ್ಲಿದೆ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆ ತಂದು, ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್ ಕೊಟ್ಟಿತು. ಬ್ರಿಟನ್ನಿನ ಬಿಬಿಸಿ ತನ್ನ ಟೀವಿ ಪಾಠಗಳಿಗೆ ಜೊತೆಯಾಗಲೆಂದು ಕೇಂಬ್ರಿಜ್‌ನ ಏಕಾರ್ನ್ ಕಂಪನಿಯಿಂದ ಮಾಡಿಸಿ, 1981ರ ಕೊನೆಗೆ ಮಾರುಕಟ್ಟೆಗೆ ಬಿಟ್ಟ ಯಂತ್ರವದು. 12,000 ಯಂತ್ರ ಮಾರಾಟವಾದೀತೆಂದು ಅಂದಾಜು ಮಾಡಿದ್ದರಂತೆ. ಕಡೆಗೆ ಹೋದದ್ದು 15 ಲಕ್ಷಕ್ಕೂ ಹೆಚ್ಚು. ರಾಯರ ಶಾಲೆಯಲ್ಲಿ ಅದಕ್ಕೊಂದು ಪ್ರತ್ಯೇಕ ಕೋಣೆ, ಕಿಟಕಿಗೆ ದಪ್ಪ ಪರದೆ. ಇಡೀ ಶಾಲೆಯಲ್ಲಿ ಏಸಿ ಇದ್ದದ್ದು ಅದಕ್ಕೊಂದೇ, ಹೆಡ್‌ಮಾಸ್ಟರಿಗೂ ಇರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಕೈ ಕಟ್ಟಿ ನಿಲ್ಲಬೇಕು. ಒಂದೊಂದು ಯಂತ್ರಕ್ಕೆ ಐದಾರು ಹುಡುಗರು. ಕುಳ್ಳಗಿದ್ದ ರಾಯರಿಗೆ ಕಾಣುತ್ತಿದ್ದದ್ದು ಮುಂದಿನವರ ಕ್ರಾಪು.

ಇಡೀ ವರ್ಷದಲ್ಲಿ ಅವರ ಬೆರಳಿಗೆ ದಕ್ಕಿದ್ದು ಒಂದೇ ಕೀಲಿ, ಬ್ರೇಕ್. ಅದನ್ನೂ ಒತ್ತಿದ್ದು ಮೇಷ್ಟ್ರು ಪುಸ್ತಕ ನೋಡಿಕೊಂಡು ಒಂದೇ ಬೆರಳಲ್ಲಿ ಟೈಪು ಮಾಡಿ ಮುಗಿಸಿದ ಪ್ರೋಗ್ರಾಮು ಪರದೆಯ ಮೇಲಿದ್ದಾಗ. ಪರದೆ ಖಾಲಿ, ಬೆನ್ನು ಭರ್ತಿ. ‘ಓಲ್ಡ್’ ಎಂದು ಟೈಪಿಸಿದ್ದರೆ ಹೋದ ಪ್ರೋಗ್ರಾಮು ಹಾಗೇ ವಾಪಸ್ ಬರುತ್ತಿತ್ತು ಎಂಬುದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ರಾಯರಿಗೆ ಗೊತ್ತಾಗುವಷ್ಟರಲ್ಲಿ ತಲೆ ಬೋಳಾಗಿತ್ತು. ಆ ಮೇಷ್ಟ್ರ ವಿಳಾಸವನ್ನು ಅವರು ಈಗಲೂ ಹುಡುಕುತ್ತಿದ್ದಾರೆ.

ಹಾಗಾಗಿ ಮಗಳ ಕಾಲೇಜು ಫೀಸು ಕಟ್ಟಿ, ಮನೆ ಸಾಲ ತೀರಿದ ವರ್ಷ ರಾಯರು ಮೊದಲು ಹುಡುಕಿಕೊಂಡು ಹೊರಟದ್ದು ಬಿಬಿಸಿ ಮೈಕ್ರೋವನ್ನೇ. ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಗುಜರಿ ಹರಡಿಕೊಂಡವನೊಬ್ಬನನ್ನು ಕೇಳಿದರು, “ಬಿಬಿಸಿ ಇದೆಯೇನಪ್ಪಾ?”

“ರೇಡಿಯೋನಾ ಸಾರ್? ಮರ್ಫಿ ಐತೆ, ಕೊಡ್ಲಾ?”

ಇಲ್ಲಿ ಗಿಟ್ಟದ ಮೇಲೆ ಇಂಗ್ಲೆಂಡಿನ ಮಾರಾಟದ ಜಾಹೀರಾತುಗಳ ಮೇಲೆ ಕಣ್ಣು ಬಿತ್ತು. ಆ ಜಾಹೀರಾತುಗಳಿಗೊಂದು ಭಾಷೆಯುಂಟು, ಅದನ್ನು ಕಲಿಯಲು ರಾಯರಿಗೆ ಮಳೆಗಾಲವೊಂದು ಬೇಕಾಯಿತು. ‘ಪರೀಕ್ಷಿಸಿಲ್ಲ’ ಅಂದರೆ ಪರೀಕ್ಷಿಸಿದ್ದೇನೆ, ಕೆಟ್ಟಿದೆ ಎಂದರ್ಥ. ‘ಅಟ್ಟದಲ್ಲಿ ಸಿಕ್ಕಿತು’ ಅಂದರೆ ನಿಮಗಿಂತ ಮೊದಲು ಇಲಿ ನೋಡಿದೆ. ‘ಅಪರೂಪದ್ದು’ ಅಂದರೆ ಮಾರುವವನಿಗೆ ದುಡ್ಡಿನ ಅಡಚಣೆ ಇದೆ. ರಾತ್ರಿ ಹನ್ನೊಂದಕ್ಕೆ ದೀಪ ಆರಿಸಿ, ಫೋಟೋ ಹಿಗ್ಗಿಸಿ, ಕೀಲಿಗಳನ್ನು ಒಂದೊಂದಾಗಿ ಎಣಿಸುತ್ತಿದ್ದ ರಾಯರನ್ನು ನೋಡಿದರೆ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವ ರೈತನ ನೆನಪಾಗಬೇಕು. ರೈತನಿಗೆ ಕೊನೆಗೆ ಉಳುವುದಾದರೂ ಇರುತ್ತದೆ.

ತರುವವರು ಯಾರು? ಲಂಡನ್ನಿನಲ್ಲಿ ಷಡ್ಡಕ ಇದ್ದಾನಲ್ಲ! ರಾಯರ ಹೆಂಡತಿಯ ತಂಗಿಯ ಗಂಡ. ಪಾಪದವನು. “ಭಾವ, ಒಳ್ಳೇ ವಾಚು ತರ್ತೀನಿ, ಇದೆಲ್ಲ ಯಾಕೆ?” ಅಂದ. ಭಾವ ಬಗ್ಗಲಿಲ್ಲ. ವಿಮಾನದಲ್ಲಿ 23 ಕೆಜಿಯ ಲೆಕ್ಕ. ಯಂತ್ರ ಒಳಬಂದಷ್ಟೂ ಚಾಕೊಲೇಟು, ಸೋಪು, ಸೆಂಟು ಹೊರಬಿದ್ದವು. ಕಸ್ಟಮ್ಸ್‌ನವರು ಪೆಟ್ಟಿಗೆ ತೆಗೆಸಿ ಇದೇನು ಅಂದರಂತೆ. ಕಂಪ್ಯೂಟರ್ ಅಂದ. ಯಾವ ವರ್ಷದ್ದು ಅಂದರು. 1983 ಅಂದ. ಅಧಿಕಾರಿ ಯಂತ್ರವನ್ನೊಮ್ಮೆ, ಷಡ್ಡಕನನ್ನೊಮ್ಮೆ ನೋಡಿ ಏನೂ ಮಾತಾಡದೆ ಮುಚ್ಚಳ ಮುಚ್ಚಿದರಂತೆ.

ಮನೆಯಲ್ಲಿ ಪೆಟ್ಟಿಗೆ ಬಿಚ್ಚುವ ಹೊತ್ತಿಗೆ ಎಲ್ಲರೂ ಸುತ್ತ ಕೂತಿದ್ದರು, ನನ್ನನ್ನೂ ಕರೆಸಿದ್ದರು. ಬಿಳಿ ಇದ್ದದ್ದು ಕಾಲಾಂತರದಲ್ಲಿ ಕಾಫಿಗೆ ತಿರುಗಿದಂಥ ಬಣ್ಣದ ಪೆಟ್ಟಿಗೆ. ಕರೀ ಕೀಲಿಗಳು, ಮೇಲೊಂದು ಸಾಲು ಕೆಂಪು. ಹೆಂಡತಿ ಸೂಟ್‌ಕೇಸಿನ ಮೂಲೆಮೂಲೆ ತಡಕಿ, “ಅಲ್ಲಾರೀ, ಅಕ್ಕನಿಗೆ ಅಂತ ಅವಳು ಏನೂ ಕಳಿಸಿಲ್ವಾ?” ಅಂದರು. ರಾಯರ ಕಿವಿ ಆಗಲೇ ಬೇರೆ ಲೋಕದಲ್ಲಿತ್ತು. ಪ್ಲಗ್ ಹಾಕಿ ಸ್ವಿಚ್ ಒತ್ತಿದರು. ಬೂ… ಬೀಪ್! ಗಂಟಲು ಸರಿಮಾಡಿಕೊಂಡು ಹಾಡು ಶುರುಮಾಡುವವರಂತೆ ಎರಡು ಸ್ವರ. ಅಟ್ಟದಿಂದ ಇಳಿಸಿದ್ದ ಹಳೇ ಟೀವಿಯ ಮೇಲೆ ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂಬ ಅಕ್ಷರ. ರಾಯರ ಕಣ್ಣಲ್ಲಿ ನೀರು.

ಸ್ವಲ್ಪ ಹೊತ್ತಿಗೆ ‘ಟಪ್’ ಅಂತು. ಪೆಟ್ಟಿಗೆಯ ಸಂದುಗಳಿಂದ ಬಿಳೀ ಹೊಗೆ. ರಾಯರ ತಾಯಿ ಒಳಗಿನಿಂದ “ಯಾರೋ ಪಟಾಕಿ ಹಚ್ಚಿದ್ದು?” ಎಂದು ಕೂಗಿದರು. ಹೆಂಡತಿ ಗ್ಯಾಸ್ ಆರಿಸಲು ಓಡಿದರು. ಮಗಳು ಸೋಫಾದ ಮೇಲೆ ಹತ್ತಿದಳು. ತಮಾಷೆಯೆಂದರೆ, ಅಷ್ಟು ಹೊಗೆ ಉಗುಳಿದರೂ ಪರದೆಯ ಮೇಲಿನ ಅಕ್ಷರ ಅಲುಗಾಡಲಿಲ್ಲ. ಪ್ಲಗ್ ಕಿತ್ತಮೇಲೆ ರಾಯರೇ ವಿವರಿಸಿದರು. ಯಂತ್ರದ ವಿದ್ಯುತ್ ಗಲಾಟೆ ಮನೆಯ ಲೈನಿಗೆ ನುಗ್ಗದಂತೆ ತಡೆಯಲು ಪವರ್ ಸಪ್ಲೈಯ ಬಾಗಿಲಲ್ಲೇ ಎರಡು ಕೆಪಾಸಿಟರ್ ಕೂರಿಸಿರುತ್ತಾರೆ. ಒಳಗೆ ಕಾಗದದ ಸುರುಳಿ, ಹೊರಗೆ ಹಳದಿ ಪಾರದರ್ಶಕ ಕವಚ. ನಾಲ್ಕು ದಶಕ ಕಳೆಯುವಾಗ ಕವಚ ಬಿರಿಯುತ್ತದೆ, ಕಾಗದ ತೇವ ಕುಡಿಯುತ್ತದೆ, ಕರೆಂಟು ಹರಿದೊಡನೆ ಸಿಡಿಯುತ್ತದೆ. ಕಂಪ್ಯೂಟರಿಗೂ ಅದಕ್ಕೂ ನೇರ ಸಂಬಂಧವಿಲ್ಲ, ಆದ್ದರಿಂದ ಕಂಪ್ಯೂಟರು ಓಡುತ್ತಲೇ ಇರುತ್ತದೆ.

ಹೀಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು. ಹೊಗೆ ಬರುವ ಮೊದಲು ಇದ್ದದ್ದು ಭಕ್ತಿ; ಹೊಗೆ ಬಂದಮೇಲೆ ಹರ್ಷ. ಆಗ ನನಗೆ ಈ ತಳಿಯ ಗುಟ್ಟು ಹೊಳೆಯಿತು. ಇವರಿಗೆ ಬೇಕಾದ್ದು ಕಂಪ್ಯೂಟರಲ್ಲ, ರಿಪೇರಿ. ಕೆಡದೆ ಓಡುವ ಹಳೇ ಯಂತ್ರವನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಕೇಬಿರಾಯರು ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ.

ಮರುದಿನವೇ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡು. ಹತ್ತಿಪ್ಪತ್ತು ರೂಪಾಯಿಯ ಕೆಪಾಸಿಟರಿಗೆ ಹೋದವರು ಬೆಸುಗೆ ಹಾಕುವ ಹೊಸ ಐರನ್, ಹಳೇ ಬೆಸುಗೆ ಹೀರುವ ಪಂಪು, ಭೂತಗನ್ನಡಿಯಿದ್ದ ಟೇಬಲ್ ಲ್ಯಾಂಪು ಎಲ್ಲ ಹೊತ್ತು ಬಂದರು. ಕೆಳಗೂ ಹಿಂದೂ ಇರುವ ತಿರುಪು ಬಿಚ್ಚಿದರೆ ಮುಚ್ಚಳ ಹಾಗೇ ಎದ್ದು ಬರುತ್ತದೆ. ಒಳಗೆ ಊಟಕ್ಕೆ ಕೂತ ಪಂಕ್ತಿಯ ಹಾಗೆ ಐಸಿ ಚಿಪ್‌ಗಳು, ಕೆಲವು ಸಾಕೆಟ್ಟಿನಲ್ಲಿ. ಒಂದೊಂದನ್ನೂ ಹೆಬ್ಬೆರಳಿಂದ ಒತ್ತಿ ಕೂರಿಸುವುದು ಇವರ ಸಂಧ್ಯಾವಂದನೆ. ಬಿಸಿ ಏರಿ ತಣ್ಣಗಾಗಿ ಸಾಕೆಟ್ಟಿನಿಂದ ಮೇಲೆದ್ದ ಐಸಿಗಳು ಹೀಗೆ ಒತ್ತಿದರೇ ಎಷ್ಟೋ ಸಲ ಸರಿಹೋಗುತ್ತವೆ, ನಿಜ. ಸರಿಹೋದ ಮೇಲೂ ಒತ್ತುವುದು ಯಾಕೆ ಎಂದು ಮಾತ್ರ ಕೇಳಬಾರದು.

ರಿಪೇರಿ ಮುಗಿಯಿತೆನ್ನಿ. ಆಗ ‘ಅಪ್‌ಗ್ರೇಡ್’ ಎಂಬ ಎರಡನೇ ಕಾಂಡ.

ಅದಕ್ಕೆ ರಾಯರ ಬಳಿ ಲೆಕ್ಕ ಸಿದ್ಧ. ಇರುವುದು 32 ಕೇಬಿ. ಬಣ್ಣಬಣ್ಣದ ಚಿತ್ರ ಬೇಕಾದರೆ ಅದರಲ್ಲಿ 20 ಪರದೆಗೇ ಹೋಯಿತು. ಡಿಸ್ಕಿನ ವ್ಯವಹಾರಕ್ಕೆ, ಯಂತ್ರದ ಸ್ವಂತ ಖರ್ಚಿಗೆ ಇನ್ನೊಂದಿಷ್ಟು. ಪ್ರೋಗ್ರಾಮು ಬರೆಯುವವನಿಗೆ ಉಳಿಯುವುದು ಆರಕ್ಕೂ ಕಡಿಮೆ. ನಮ್ಮ ಸೋದರಮಾವ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಕಳಿಸುವ ಶುಭೋದಯದ ಗುಲಾಬಿಯ ಒಂದು ಎಸಳೂ ಅಷ್ಟರಲ್ಲಿ ಹಿಡಿಯಲಾರದು. ಆದರೆ ಇದೇ 32 ಕೇಬಿಯ ಯಂತ್ರದಲ್ಲೇ, ಎಂದು ರಾಯರು ಬೆರಳೆತ್ತುತ್ತಾರೆ, ಕೇಂಬ್ರಿಜ್‌ನ ಇಬ್ಬರು ಹುಡುಗರು, ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್, 1984ರಲ್ಲಿ ‘ಎಲೀಟ್’ ಎಂಬ ಆಟ ಮಾಡಿ ಅದರೊಳಗೆ ಎಂಟು ನಕ್ಷತ್ರಮಂಡಲ, ಒಂದೊಂದರಲ್ಲಿ 256 ಗ್ರಹ, ಒಟ್ಟು 2048 ಲೋಕಗಳನ್ನು ತುರುಕಿದರು. ಗ್ರಹಗಳನ್ನು ಬರೆದಿಡಲಿಲ್ಲ, ಬೇಕಾದಾಗ ಹುಟ್ಟಿಸುವ ಸೂತ್ರವನ್ನು ಮಾತ್ರ ಇಟ್ಟರು. ಈ ಕಥೆಯನ್ನು ಅವರು ಮನೆಗೆ ಬಂದ ಗ್ಯಾಸ್ ಸಿಲಿಂಡರಿನವನಿಗೂ ಹೇಳಿದ್ದಾರೆ.

ಅಷ್ಟರಲ್ಲೇ ಅಷ್ಟು ಮಾಡಬಹುದು ಎಂದಮೇಲೆ ಅಪ್‌ಗ್ರೇಡ್ ಯಾಕೆ ಸ್ವಾಮಿ? ಈ ಪ್ರಶ್ನೆ ಕೇಳಿದ ದಿನ ನನಗೆ ಕಾಫಿ ಬರಲಿಲ್ಲ.

ಮೊದಲು ಫ್ಲಾಪಿಯ ಬದಲು ಎಸ್‌ಡಿ ಕಾರ್ಡು. ಕಾರ್ಡು 32 ಜಿಬಿಯದು; ಯಂತ್ರದ ನೆನಪಿಗಿಂತ ಹತ್ತು ಲಕ್ಷ ಪಟ್ಟು. ಆಮೇಲೆ ಪರದೆ. ಹಳೇ ಟೀವಿಯಲ್ಲಿ ಅಕ್ಷರ ಮಸುಕು, ಹೊಸ ಮಾನಿಟರಿಗೆ ಹಳೇ ವೈರು ಕೂರುವುದಿಲ್ಲ. ನಡುವೆ ದುಭಾಷಿಯಾಗಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಪುಟ್ಟ ಕಂಪ್ಯೂಟರ್ ಬಂತು. ಬಿಬಿಸಿ ಮೈಕ್ರೋದ ಹೊಟ್ಟೆಯಡಿ ‘ಟ್ಯೂಬ್’ ಎಂಬ ಕಿಂಡಿ ಇದೆ, ಎರಡನೇ ಪ್ರೊಸೆಸರ್ ತಗುಲಿಸಲಿಕ್ಕೆ. ಅದಕ್ಕೂ ಇನ್ನೊಂದು ಪೈ. ಬಿಬಿಸಿಯದು ಎರಡು ಮೆಗಾಹರ್ಟ್ಸ್, ಪೈಯದು ಸಾವಿರ. ಐನೂರು ಪಟ್ಟು ವೇಗದ ಇಬ್ಬರು ತರುಣರು ಒಬ್ಬ ಮುದುಕನ ಕಾಲೊತ್ತುತ್ತಾ ಕೂತಿದ್ದಾರೆ. ಯಜಮಾನಿಕೆ ಮಾತ್ರ ಮುದುಕನದೇ.

“ಅವಮಾನ ಏನೂ ಇಲ್ಲ, ಮೊಮ್ಮಗ ಅಜ್ಜನ ಸೇವೆ ಮಾಡಿದ ಹಾಗೆ” ಎನ್ನುತ್ತಾರೆ ರಾಯರು. ಇಲ್ಲಿ ಅವರ ಮಾತು ನೂರಕ್ಕೆ ನೂರು ಸತ್ಯ, ನಾನು ತಲೆಬಾಗಿದ್ದೇನೆ. ಪೈಯೊಳಗಿರುವ ಆರ್ಮ್ ಪ್ರೊಸೆಸರ್ ಹುಟ್ಟಿದ್ದು ಅದೇ ಏಕಾರ್ನ್ ಮನೆಯಲ್ಲಿ. ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಇಬ್ಬರೂ ಅದರ ಮಾದರಿಯನ್ನು ಬಿಬಿಸಿ ಮೈಕ್ರೋದ ಪ್ರೋಗ್ರಾಮು ಭಾಷೆಯಾದ ಬಿಬಿಸಿ ಬೇಸಿಕ್ಕಿನಲ್ಲೇ ಬರೆದು ಪರೀಕ್ಷಿಸಿದರು. 1985ರ ಏಪ್ರಿಲ್‌ನಲ್ಲಿ ಮೊದಲ ಚಿಪ್ ತಯಾರಾಗಿ ಬಂದಾಗ ಅದನ್ನು ಓಡಿಸಿ ನೋಡಿದ್ದೂ ಬಿಬಿಸಿ ಮೈಕ್ರೋದ ಇದೇ ಕಿಂಡಿಗೆ ಸಿಕ್ಕಿಸಿ. ಇವತ್ತು ನಿಮ್ಮ ಜೇಬಿನ ಮೊಬೈಲಿನಲ್ಲಿ ಇರುವುದೂ ಆ ವಂಶದ ಕುಡಿಯೇ. ಚಪ್ಪಲಿ ಬಿಟ್ಟು ಒಳಗೆ ಹೋಗೆಂದು ಮೇಷ್ಟ್ರು ಹೇಳಿದ್ದು ತಪ್ಪಲ್ಲ.

ಇಷ್ಟೆಲ್ಲ ಆದಮೇಲೆ ಮಗಳು ಒಂದು ಭಾನುವಾರ ಲ್ಯಾಪ್‌ಟಾಪ್ ತಂದು ಎದುರಿಗಿಟ್ಟಳು. “ಅಪ್ಪಾ, ನೋಡಿಲ್ಲಿ, ನಿನ್ನ ಬಿಬಿಸಿ ಬ್ರೌಸರಲ್ಲೇ ಬರುತ್ತೆ. ದುಡ್ಡೂ ಇಲ್ಲ.”

“ಆ ಬೂ-ಬೀಪ್ ಬರುತ್ತಾ?”

“ಬರುತ್ತೆ.” ಬಂತು.

“ಕೀಲಿ ಒತ್ತಿದರೆ ಟಕ್ ಅನ್ನುತ್ತಾ?”

“ಅದಕ್ಕೂ ಸೌಂಡ್ ಹಾಕಿದಾರೆ.”

ರಾಯರು ಎರಡು ನಿಮಿಷ ಸುಮ್ಮನಿದ್ದು, “ಹೊಗೆ?” ಅಂದರು. ಮಗಳು ಲ್ಯಾಪ್‌ಟಾಪ್ ಮುಚ್ಚಿಕೊಂಡು ಹೋದಳು.

ಇನ್ನು ಬಣ್ಣದ ಪ್ರಕರಣ. ಹಳದಿಗಟ್ಟಿದ ಪ್ಲಾಸ್ಟಿಕ್ಕಿಗೆ ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತದೆ. ಅದು ಹದವಾದ ಮುಲಾಮಾಗಿ ಸಿಗುವುದು ಕೂದಲಿಗೆ ಬಣ್ಣ ಹಾಕುವವರ ಬಳಿ. ಬ್ಯೂಟಿ ಪಾರ್ಲರ್ ಸಾಮಾನಿನ ಅಂಗಡಿಗೆ ಹೋಗಿ “ಹನ್ನೆರಡು ಪರ್ಸೆಂಟಿಂದು, ದೊಡ್ಡ ಬಾಟ್ಲಿ ಎರಡು” ಅಂದರು. ಅಂಗಡಿಯ ಹುಡುಗಿ ಅವರ ತಲೆಯನ್ನೇ ನೋಡಿ, “ಯಾರಿಗೆ ಸರ್?” ಅಂದಳು. “ಕೀಬೋರ್ಡಿಗಮ್ಮ.” ತಾರಸಿಯ ಮೇಲೆ ಅವರ ತಾಯಿ ಹಲಸಿನ ಹಪ್ಪಳ ಒಣಗಿಸಿದ್ದರು. ಪಕ್ಕದಲ್ಲಿ ರಾಯರು ಮುಲಾಮು ಬಳಿದ ಮುಚ್ಚಳವನ್ನೂ ತೊಳೆದ ಕೀಲಿಗಳನ್ನೂ ಹರಡಿದರು. ಕಾಗೆ ಕಾಯುವ ಕೆಲಸ ಇಬ್ಬರಿಗೂ ಒಟ್ಟಿಗೇ ಆಯಿತು. ಕಾಗೆ ಮಾತ್ರ ತನ್ನ ಆಯ್ಕೆಯಲ್ಲಿ ಎಡವಿ ಹಪ್ಪಳ ಬಿಟ್ಟು ಕೆಂಪು ಕೀಲಿಯೊಂದನ್ನು ಕಚ್ಚಿಕೊಂಡು ಹಾರಿತು. ಆ ಒಂದು ಕೀಲಿಗೆ ಲಂಡನ್ನಿನ ಷಡ್ಡಕನಿಗೆ ಮತ್ತೆ ಫೋನು. “ಕೀಲಿ ಒಂದೇ ಸಿಗಲ್ಲ ಭಾವ, ಕೊಂಡರೆ ಇಡೀ ಯಂತ್ರವೇ” ಅಂದ. ರಾಯರು ಬೇಸರದ ದನಿಯಲ್ಲಿ “ಏನು ಮಾಡೋದು, ಹಾಗೇ ಮಾಡು” ಅಂದರು. ಆ ಬೇಸರವನ್ನು ನಂಬಿದವರು ಹೆಂಡತಿ ಒಬ್ಬರೇ, ಅವರೂ ಪೂರ್ತಿ ನಂಬಿರಲಿಲ್ಲ.

ಈಗ ಅವರ ಮನೆಯಲ್ಲಿ ಎರಡು ಇವೆ, ಮೂರನೆಯದರ ಫೋಟೋ ಹಿಗ್ಗಿಸಿ ನೋಡುತ್ತಿದ್ದಾರೆ. ಎಲ್ಲ ಸರಿಯಾಗಿ ಓಡುತ್ತಿರುವ ಮೊದಲನೆಯದರ ಮೇಲೆ ಟವೆಲ್ ಹೊದಿಸಿದೆ. ‘ಎಲೀಟ್’ ಆಡಿದಿರಾ ಎಂದು ಕೇಳಿದೆ. “ಟೈಮೆಲ್ಲಿದೆ ಸ್ವಾಮಿ, ಇನ್ನೊಂದರ ಪವರ್ ಸಪ್ಲೈ ಬಿಚ್ಚಿದೆ” ಅಂದರು.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದಲ್ಲೋ, ನೀವು ಓದಿದ ಶಾಲೆಯ ಉಗ್ರಾಣದಲ್ಲೋ ಇಂಥದೊಂದು ಪೆಟ್ಟಿಗೆ ಸಿಕ್ಕಿದರೆ ಆಸೆಗೆ ಬಿದ್ದು ಪ್ಲಗ್ ಹಾಕಬೇಡಿ. ತೂಕಕ್ಕೆ ಗುಜರಿಗೂ ಹಾಕಬೇಡಿ. ಹತ್ತಿರದ ಕೇಬಿರಾಯರಿಗೆ ಹೇಳಿಕಳಿಸಿ. ಮೊದಲು ಆ ಎರಡು ಹಳದಿ ಕೆಪಾಸಿಟರ್ ತೆಗೆದು ಹೊಸದು ಹಾಕಿಕೊಡುತ್ತಾರೆ, ದುಡ್ಡು ಕೇಳುವುದಿಲ್ಲ. ‘ಅಪ್‌ಗ್ರೇಡ್ ಮಾಡಿಕೊಡ್ಲಾ’ ಎಂದು ಕೇಳಿದರೆ ಮಾತ್ರ ಕಾಫಿ ಕೊಟ್ಟು ಕಳಿಸಿಬಿಡಿ.